ನಾಲ್ಕು ಮನೆಗೆ ಐದಕ್ಷರ

ಪತ್ರ: ‘ಕಳೆದ ಸಂಚಿಕೆಯ ಪದಬಂಧದಲ್ಲಿ “ಸಾಲಿಟೇರ್, ಕನ್ನಡದಲ್ಲಿ” ಎಂದು ನಾಲ್ಕು ಮನೆ ಬಿಟ್ಟಿದ್ದಿರಿ. ಸಾಲಿಟೇರ್ ಎಂದರೆ ವಜ್ರದುಂಗುರ, ಬೆಳಗಾವಿಯ ಯಾವ ಸರಾಫರನ್ನು ಕೇಳಿದರೂ ಹೇಳುತ್ತಾರೆ. ನೀವು “ಒಂಟಿಯಾಟ” ಎಂಬ ಇಲ್ಲದ ಪದ ಹುಟ್ಟಿಸಿದ್ದೀರಿ. ಇಸ್ಪೀಟಿನಂಥ ಜೂಜಿಗೆ ಪದಬಂಧದಲ್ಲಿ ಜಾಗವೇಕೆ? ಕೊಡಲೇಬೇಕಿದ್ದರೆ “ಏಕವ್ಯಕ್ತಿ ಪತ್ರಕ್ರೀಡೆ” ಎನ್ನಬಹುದಿತ್ತು. ಒಂಟಿ ಎಂಬುದು ಅಪಶಕುನದ ಮಾತು. ಮಕ್ಕಳು ಓದುವ ಪತ್ರಿಕೆಗೆ ತಕ್ಕುದಲ್ಲ.’
— ಓದುಗರೊಬ್ಬರು, ಜಮಖಂಡಿ

ಉತ್ತರ: ಪದಬಂಧವನ್ನು ಪೆನ್ಸಿಲ್ ಮುಟ್ಟದೆ ನೇರ ಪೆನ್ನಿನಲ್ಲೇ ತುಂಬುವ ಓದುಗರೆಂದರೆ ಯಾವ ಪತ್ರಿಕೆಗೂ ಹೆಮ್ಮೆ. ನೀವು ಲಗತ್ತಿಸಿದ ಹಾಳೆ ಮೇಜಿನ ಮೇಲಿದೆ. ನಾವು ಕೇಳಿದ್ದು ಒಬ್ಬರೇ ಕೂತು ಆಡುವ ಆಟವನ್ನು, ಅದರ ಹೆಸರೂ ಸಾಲಿಟೇರ್. ‘ವಜ್ರದುಂಗುರ’ಕ್ಕೆ ಐದಕ್ಷರ, ಮನೆ ನಾಲ್ಕೇ. ಕೊನೆಯ ಮನೆಯಲ್ಲಿ ‘ಗು’ ಮತ್ತು ‘ರ’ ಎರಡೂ ಒಂದರ ಹೆಗಲ ಮೇಲೊಂದು ಕೂತಿವೆ. ಈ ಹಟ ಮೆಚ್ಚುವಂಥದ್ದೇ, ಅಂಕ ಕೊಡುವಂಥದ್ದಲ್ಲ.

ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ, ಅದನ್ನು ಮೊದಲೇ ಒಪ್ಪಿಬಿಡುತ್ತೇವೆ. ಬೆಳಗಾವಿ ಶಹಾಪುರದ ಸರಾಫ ಗಲ್ಲಿಯಲ್ಲಿ ಸಾಲಿಟೇರ್ ಎಂದರೆ ಉಂಗುರವೇ ಮುಂದೆ ಬರುತ್ತದೆ. ಆದರೆ ಆ ಹೆಸರು ವಜ್ರದ್ದಲ್ಲ, ಉಂಗುರದ್ದೂ ಅಲ್ಲ, ಒಂದೇ ಹರಳು ಕೂರಿಸುವ ಪದ್ಧತಿಯದು. ಕೆಂಪು ಹರಳೊಂದನ್ನೇ ಕೂರಿಸಿದರೂ ಅದು ಸಾಲಿಟೇರ್. ಏಳು ಕಲ್ಲಿನ ಬೇಸರಿ ಅಲ್ಲ, ಒಂದೇ ಕಲ್ಲಿನ ಮೂಗುಬೊಟ್ಟು ಹೌದು. ಅಂದಮೇಲೆ ಜಮಖಂಡಿಯ ಎಷ್ಟೋ ಅಜ್ಜಿಯರ ಮೂಗಿನ ಮೇಲೆ ಸಾಲಿಟೇರ್ ಇತ್ತು, ಆ ಹೆಸರೊಂದು ಅವರಿಗೆ ಬೇಕಾಗಿರಲಿಲ್ಲ.

ಕೊಳ್ಳುವ ವಿಚಾರ ನಿಮಗಿದ್ದರೆ ಒಂದೆರಡು ಮಾತು. ಬಂಗಾರದ ಕ್ಯಾರಟ್ ಶುದ್ಧತೆಯ ಅಳತೆ, ಹರಳಿನ ಕ್ಯಾರಟ್ ತೂಕದ ಅಳತೆ: ಒಂದು ಕ್ಯಾರಟ್ಟಿಗೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲಿಗೆ ಒಂದು ಸೆಂಟ್. ಹತ್ತು ಸೆಂಟಿನ ಹತ್ತು ಹರಳು ಸೇರಿದರೆ ತೂಕ ಒಂದು ಕ್ಯಾರಟ್ಟೇ ಆದರೂ, ಅಷ್ಟೇ ತೂಕದ ಒಂದೇ ಹರಳಿನ ಬೆಲೆಯ ಹತ್ತಿರವೂ ಸುಳಿಯುವುದಿಲ್ಲ. ದೊಡ್ಡ ಹರಳು ಅಪರೂಪ, ಅದಕ್ಕೇ ಆ ಬೆಲೆ. ಹರಳನ್ನು ಎತ್ತಿ ಹಿಡಿಯುವ ಆರು ಕೊಂಡಿಯ ಕಟ್ಟನ್ನು ನ್ಯೂಯಾರ್ಕಿನ ಟಿಫನಿ ಅಂಗಡಿ 1886ರಲ್ಲಿ ಹೊರತಂದಿತು. ನಾಲ್ಕು ಕೊಂಡಿಯದರಲ್ಲಿ ಹರಳು ಹೆಚ್ಚು ಕಾಣುತ್ತದೆ ನಿಜ, ಒಂದು ಕೊಂಡಿ ಸವೆದರೆ ಹರಳು ಜಾರಿಯೇ ಹೋಯಿತು. ಆರರಲ್ಲಿ ಒಂದು ಹೋದರೂ ಐದು ಹಿಡಿದಿರುತ್ತವೆ. 22 ಕ್ಯಾರಟ್ ಬಂಗಾರ ಮೆತ್ತಗೆ, ಕೊಂಡಿ ಬಾಗುತ್ತದೆ. ಹರಳಿನ ಒಡವೆಗೆ 18 ಕ್ಯಾರಟ್ ಬಳಸುವುದು ಅದಕ್ಕೇ. ಇಳಕಲ್ ಸೀರೆಯ ಎಳೆ ಉಂಗುರಕ್ಕೆ ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದರೆ ಕೊಂಡಿಯ ತುದಿ ಎದ್ದಿದೆ ಎಂದು ತಿಳಿಯಿರಿ. ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿದಾಗ ಹರಳು ಕಟಕಟ ಎಂದರೆ ಆವತ್ತೇ ಅಂಗಡಿಗೆ ಒಯ್ಯಬೇಕು.

ಇಷ್ಟು ಉಂಗುರಕ್ಕೆ ಸಾಕು. ಪದದ ಕಡೆ ಬರೋಣ. ‘ಸೋಲುಸ್’ ಎಂದರೆ ಲ್ಯಾಟಿನ್ನಿನಲ್ಲಿ ಒಬ್ಬನೇ. ಅದರಿಂದ ಫ್ರೆಂಚರ ‘ಸಾಲಿಟೇರ್’, ಒಬ್ಬಂಟಿಗ. 18ನೇ ಶತಮಾನದಲ್ಲಿ ಫ್ರಾನ್ಸಿನ ಗಂಡಸರು ಚೌರಿ ಕೂದಲನ್ನು ಕತ್ತಿನ ಹಿಂದೆ ತುಂಬಿಡುತ್ತಿದ್ದ ಚೀಲದಿಂದ ಕೊರಳ ಮುಂದಕ್ಕೆ ತಂದು ಕಟ್ಟುತ್ತಿದ್ದ ಕರಿಯ ಪಟ್ಟಿಯೂ ಸಾಲಿಟೇರ್. ಹಿಂದೂ ಮಹಾಸಾಗರದ ರೊಡ್ರಿಗಸ್ ದ್ವೀಪದಲ್ಲಿ ಹಾರಲಾರದ ದೊಡ್ಡ ಹಕ್ಕಿಯೊಂದಿತ್ತು, ಡೋಡೋದ ಹತ್ತಿರದ ಬಳಗ. 1691ರಲ್ಲಿ ಆ ದ್ವೀಪಕ್ಕೆ ಬಂದು ಎರಡು ವರ್ಷ ಇದ್ದ ಫ್ರಾನ್ಸುವಾ ಲೆಗಾ ಅದನ್ನು ಸಾಲಿಟೇರ್ ಎಂದೇ ಬರೆದ. ಹಕ್ಕಿಗಳೇನೋ ಬೇಕಾದಷ್ಟಿದ್ದವು, ಹಿಂಡುಗಟ್ಟಿ ಕಾಣುತ್ತಿರಲಿಲ್ಲ ಅಷ್ಟೆ. 18ನೇ ಶತಮಾನ ಮುಗಿಯುವುದರೊಳಗೆ ಒಂದೂ ಉಳಿಯಲಿಲ್ಲ. ಚಳಿಗಾಲದಲ್ಲಿ ನಮ್ಮ ಕಡೆಯ ಕಲ್ಲುಗುಡ್ಡಗಳಿಗೆ ಬಂದು ಬಂಡೆಯ ತುದಿಯಲ್ಲಿ ಒಂದೇ ಕೂರುವ ನೀಲಿ ಹಕ್ಕಿಯ ಶಾಸ್ತ್ರೀಯ ಹೆಸರಿನ ಕೊನೆಗೂ ‘ಸಾಲಿಟೇರಿಯಸ್’ ಇದೆ. ಬಾದಾಮಿಯ ಕೆಂಬಂಡೆಯಂತೂ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಹರಳು, ಪಟ್ಟಿ, ಹಕ್ಕಿ, ಆಟ. ಫ್ರೆಂಚರು ತಮ್ಮ ‘ಒಂಟಿ’ಯನ್ನು ಇಷ್ಟು ಕಡೆ ದುಡಿಸಿಕೊಂಡರು. ನಾವು? ಒಂಟಿ ಮಹಿಳೆಯ ಸರ ಕಿತ್ತರು, ಒಂಟಿ ವೃದ್ಧನ ಕೊಲೆ ಎಂದು ಪತ್ರಿಕೆಯ ಮೂರನೇ ಪುಟಕ್ಕೆ ತಳ್ಳಿ ಕೂತಿದ್ದೇವೆ. ನಿಮ್ಮ ಪತ್ರದಲ್ಲಿ ನಮ್ಮನ್ನು ಚುಚ್ಚಿದ್ದು ಇಸ್ಪೀಟಿನ ಮಾತಲ್ಲ, ಅಪಶಕುನದ ಮಾತು.

ಒಂಟಿ ಸೀನಿಗೆ ಹೊರಟವರು ಮರಳಿ ಕೂರುತ್ತಾರೆ, ಒಪ್ಪಿದೆವು. ಅಷ್ಟಕ್ಕೇ ಪದವನ್ನೇ ಹೊರಗಟ್ಟುವುದೇ? ಖಾನಾಪುರದ ಕಾಡಂಚಿನಲ್ಲಿ ಒಂಟಿ ಸಲಗ ಎಂದು ನೋಡಿ, ಇಡೀ ಊರು ಎದ್ದು ನಿಲ್ಲುತ್ತದೆ. ಒಂಟೆತ್ತಿನ ಗಾಡಿಯಲ್ಲಿ ಅಪಶಕುನವೆಲ್ಲಿದೆ? ಮಗನ ಮದುವೆಗೆ ತಂದೆ ಒಂಟಿಗಾಲಲ್ಲಿ ನಿಂತಿದ್ದಾನೆ ಎಂದರೆ ಅವಸರ, ಅನಿಷ್ಟವಲ್ಲ. ಹಿಂದೆ ಪಟಗದ ಹಿರಿಯರು ಕಿವಿಗೆ ಹಾಕುತ್ತಿದ್ದ ಒಡವೆಯ ಹೆಸರೇ ಒಂಟಿ. ಅಂಥ ಒಡವೆ ಇದ್ದ ನಾಡಿನಲ್ಲಿ ಒಂಟಿ ಹರಳಿನುಂಗುರ ಎನ್ನಲು ನಾಚಿಕೊಂಡು ಸಾಲಿಟೇರ್ ಎಂದು ಫಲಕ ತೂಗುಹಾಕುತ್ತೇವೆ. (ನಮ್ಮ ಆಡುಮಾತಿನಲ್ಲಿ ಒಂಟೆಯೂ ‘ಒಂಟಿ’ಯೇ, ಆ ಗೊಂದಲ ನಮ್ಮ ಮನೆಯ ಒಳಗಿನದು, ಇರಲಿ.)

‘ಇಲ್ಲದ ಪದ’ ಎಂದಿರಿ. ಕರಾವಳಿಯ ಕಡೆ ಚೆನ್ನೆಮಣೆಯಲ್ಲಿ ಒಬ್ಬರೇ ಆಡುವ ಬಗೆಗೆ ಸೀತೆಯಾಟ ಎನ್ನುತ್ತಾರೆ. ಅಶೋಕವನದಲ್ಲಿ ಸೀತೆ ಒಬ್ಬಳೇ ಕೂತು ಆಡಿದ್ದು ಎಂಬ ನಂಬಿಕೆ. ಸೀತೆಯಾಟ ಆಗುವುದಾದರೆ ಒಂಟಿಯಾಟಕ್ಕೆ ಏನು ತಡೆ? ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಒಂದು ಮನೆಗೆ ಎರಡು ಸಲ ಕಾಲಿಡಿಸದೆ 64 ಮನೆಯನ್ನೂ ಸುತ್ತಿಸುವ ಲೆಕ್ಕದಲ್ಲಿ ಮುಳುಗುತ್ತಿದ್ದರು. ಎದುರಾಳಿ ಬೇಡದ ಆಟ ಅದೂ. ಆಂಬೋಲಿ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯ ದಶಾವತಾರ ಗಂಜೀಫಾ ಎಂಬ ಎಲೆಯಾಟಕ್ಕೆ ಮಾತ್ರ 120 ದುಂಡೆಲೆಗಳ ಜತೆ ಸಾಮಾನ್ಯವಾಗಿ ಮೂವರು ಬೇಕು. ಇವತ್ತು ಎಲೆ ಸಿಕ್ಕರೂ ಮೂವರು ಸಿಗುವುದಿಲ್ಲ.

ಇಸ್ಪೀಟೇ ಬೇಡ ಎನ್ನುವವರಿಗೂ ಒಂದು ಒಂಟಿಯಾಟವಿದೆ, ನಮ್ಮ ಮನೆಗಳಲ್ಲಿ ಬ್ರೇನ್‌ವಿಟಾ ಎಂದು ಹೆಸರಾದದ್ದು. 17ನೇ ಶತಮಾನದ ಕೊನೆಯ ಹೊತ್ತಿನ ಫ್ರೆಂಚ್ ಚಿತ್ರವೊಂದರಲ್ಲಿ ದೊಡ್ಡ ಮನೆತನದ ಹೆಂಗಸಿನ ಪಕ್ಕ ಈ ಮಣೆ ಕಾಣುತ್ತದೆ. ಗಣಿತಜ್ಞ ಲೈಬ್ನಿಜ್ ಇದನ್ನು ಹಿಂದುಮುಂದಾಗಿ, ಅಂದರೆ ಖಾಲಿ ಮಣೆಯನ್ನು ತುಂಬುತ್ತಾ ಆಡಲು ಇಷ್ಟಪಡುತ್ತಿದ್ದ. ಮಣೆ ಕೊಳ್ಳಲೇಬೇಕೆಂದಿಲ್ಲ. ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ 33 ಗುರುತು ಹಾಕಿ: ಮೂರು ಮೂರರ ಎರಡು ಸಾಲು, ಏಳು ಏಳರ ಮೂರು ಸಾಲು, ಮತ್ತೆ ಮೂರು ಮೂರರ ಎರಡು. ನಡುವಿನದು ಖಾಲಿ, ಉಳಿದ 32ಕ್ಕೆ ಹುಣಸೆಬೀಜ. ಒಂದು ಬೀಜ ಪಕ್ಕದ್ದನ್ನು ಹಾರಿ ಅದರಾಚೆಯ ಖಾಲಿ ಮನೆಗೆ ಬಿದ್ದರೆ, ಹಾರಿಸಿಕೊಂಡದ್ದು ಎದ್ದು ಹೋಗುತ್ತದೆ. ಅಡ್ಡ, ಉದ್ದ ಮಾತ್ರ, ಮೂಲೆಗೆ ಹಾರುವಂತಿಲ್ಲ. 31 ಹಾರಿಕೆಯಲ್ಲಿ ನಡುವೆ ಒಂದೇ ಬೀಜ ಉಳಿಯಬೇಕು.

ಹೆಚ್ಚಿನವರು ನಾಲ್ಕೈದು ಉಳಿಸಿಕೊಂಡು ಕೈಬಿಡುತ್ತಾರೆ. ಕಾರಣ, ನಡುವಿನವನ್ನು ಮೊದಲು ಎತ್ತಿ ನಾಲ್ಕು ತೋಳುಗಳ ತುದಿಯವನ್ನು ಅನಾಥ ಮಾಡುವುದು. ಅದಕ್ಕೊಂದು ಪಟ್ಟು ಕಲಿಯಿರಿ. ಮೂರು ಬೀಜ ಉದ್ದಕ್ಕೆ ಸಾಲಾಗಿವೆ, ತುದಿಯ ಬೀಜದ ಬಲಕ್ಕೆ ಇನ್ನೊಂದು ಬೀಜ, ಎಡಕ್ಕೆ ಖಾಲಿ ಮನೆ. ಬಲದ್ದು ತುದಿಯದನ್ನು ಹಾರಿ ಎಡಕ್ಕೆ ಬರಲಿ. ಸಾಲಿನ ಆಚೆ ಕೊನೆಯದು ನಡುವಿನದನ್ನು ಹಾರಿ ಖಾಲಿಯಾದ ತುದಿಗೆ ಬರಲಿ. ಎಡಕ್ಕೆ ಹೋಗಿದ್ದು ಈಗ ಅದನ್ನೂ ಹಾರಿ ಬಲಕ್ಕೆ ಮರಳಲಿ. ಸಾಲಿನ ಮೂರೂ ಮಾಯ, ಸಹಾಯಕ ತನ್ನ ಜಾಗದಲ್ಲೇ ಕೂತಿದೆ. ಇನ್ನೊಂದು ಗುಟ್ಟು: ನಡು ಖಾಲಿಯಿಟ್ಟು ಶುರುಮಾಡಿದರೆ ಕೊನೆಯ ಒಂಟಿ ಬೀಜ ಉಳಿಯಬಹುದಾದ ಮನೆಗಳು ಐದೇ, ನಡುವಿನದು ಮತ್ತು ನಾಲ್ಕು ತೋಳುಗಳ ಹೊರ ಅಂಚಿನ ನಡುಮನೆಗಳು. ಬೇರೆ ಮನೆಯಲ್ಲಿ ಒಂದೇ ಉಳಿದಿದೆ ಎಂದು ಯಾರಾದರೂ ತೋರಿಸಿದರೆ ನಡುವೆ ಎಲ್ಲೋ ಕೈಚಳಕ ನಡೆದಿದೆ. ಫ್ರೆಂಚರ 37 ಮನೆಯ ಮಣೆ ತಂದವರು ನಡು ಖಾಲಿಯಿಟ್ಟು ಕೂರಬೇಡಿ, ಅದು ಒಂದಕ್ಕೆ ಇಳಿಯುವುದೇ ಇಲ್ಲ.

ಈಗ ನಿಮ್ಮ ಜೂಜು. ಜೂಜಿಗೆ ಸೋಲುವ ಇನ್ನೊಬ್ಬ ಬೇಕು. ಒಬ್ಬರೇ ಆಡುವ ಇಸ್ಪೀಟಿನಲ್ಲಿ ಯಾರ ಕಿಸೆಗೆ ಯಾರು ಕೈಹಾಕುವುದು? ಬ್ರಿಟಿಷರು ಇದಕ್ಕೆ ‘ಪೇಷನ್ಸ್’, ತಾಳ್ಮೆ, ಎಂದೇ ಹೆಸರಿಟ್ಟರು. ಕೆನಡಾದ ಚಿನ್ನದ ಬೇಟೆಯ ಪ್ರದೇಶದ ಹೆಸರು ಹೊತ್ತ ಕ್ಲಾಂಡೈಕ್ ಎಲ್ಲರೂ ಬಲ್ಲ ಬಗೆ. ಏಳು ಸಾಲು: ಮೊದಲನೆಯದಕ್ಕೆ ಒಂದೆಲೆ, ಏಳನೆಯದಕ್ಕೆ ಏಳು, ಒಟ್ಟು 28. ಪ್ರತಿ ಸಾಲಿನ ಮೇಲಿನದು ಮಾತ್ರ ತೆರೆದಿರುತ್ತದೆ, 21 ಮುಚ್ಚಿರುತ್ತವೆ. ಕೈಯಲ್ಲಿ 24. ಸಾಲಿನಲ್ಲಿ ಕೆಂಪಿನ ಮೇಲೆ ಕರಿ, ಕರಿಯ ಮೇಲೆ ಕೆಂಪು, ಒಂದೊಂದೇ ಇಳಿಯಬೇಕು: ಬದಾಮ್ ರಾಣಿಯ ಮೇಲೆ ಕಿಲ್ವರ್ ಗುಲಾಮ, ಅದರ ಮೇಲೆ ಚೌಕಟ್ ಹತ್ತು. ಮೇಲುಗಡೆ ಬದಾಮ್, ಚೌಕಟ್, ಕಿಲ್ವರ್, ಇಸ್ಪೀಟ್ ನಾಲ್ಕನ್ನೂ ಬೇರೆ ಬೇರೆಯಾಗಿ ಎಕ್ಕಾದಿಂದ ರಾಜನವರೆಗೆ ಏರಿಸಬೇಕು. ಖಾಲಿಯಾದ ಸಾಲಿಗೆ ರಾಜ ಮಾತ್ರ ಬರಬಹುದು.

ಎಡವುವುದು ಇಲ್ಲೇ. ಸಾಲು ಖಾಲಿ ಮಾಡಿದ ಖುಷಿಯಲ್ಲಿ ರಾಜ ಎಲ್ಲಿದ್ದಾನೆಂದು ನೋಡುವುದಿಲ್ಲ, ಜಾಗ ಬರಿದೇ ಬಿದ್ದಿರುತ್ತದೆ. ಎರಡನೆಯದು, ಐದು ಆರರ ಎಲೆಗಳನ್ನು ಸಿಕ್ಕ ತಕ್ಷಣ ಮೇಲಕ್ಕೆ ಕಳಿಸುವುದು. ಕೆಂಪು ಆರು ಮೇಲೆ ಹೋಯಿತೆಂದರೆ ಕೆಳಗೆ ಕರಿ ಐದಕ್ಕೆ ಕೂರುವ ಜಾಗವಿಲ್ಲ. ಎರಡು ದಾರಿಯಿದ್ದರೆ ಮುಚ್ಚಿದ ಎಲೆ ಹೆಚ್ಚಿರುವ ಸಾಲನ್ನೇ ಒಡೆಯಿರಿ. ಕೈಯಲ್ಲಿರುವ ಎಲೆಗಳನ್ನು ಮೂರು ಮೂರಾಗಿ ತಿರುವುವ ಆಟದಲ್ಲಿ 24ರಲ್ಲಿ ಒಂದು ಸುತ್ತಿಗೆ ಎಂಟೇ ಎಲೆ ಮೇಲೆ ಕಾಣುತ್ತವೆ. ಒಂದನ್ನು ತೆಗೆದರೆ ಅದರಾಚೆಯವುಗಳ ಸರದಿ ಮುಂದಿನ ಸುತ್ತಿನಲ್ಲಿ ಒಂದು ಜಾರುತ್ತದೆ, ಆಗ ಅಲ್ಲಿಂದಾಚೆಗೆ ಬೇರೆ ಎಲೆಗಳು ಮೇಲೆದ್ದು ಬರುತ್ತವೆ. ಯಾವುದನ್ನು ಯಾವಾಗ ತೆಗೆಯಬೇಕು ಎಂಬ ಲೆಕ್ಕವೇ ಆಟ. ಮುಚ್ಚಿದ ಎಲೆಗಳೆಲ್ಲ ಗೊತ್ತಿದ್ದು ಆಡಿದರೂ ನೂರಕ್ಕೆ ಸುಮಾರು 82 ಹಂಚಿಕೆಗಳು ಮಾತ್ರ ಗೆಲ್ಲುವಂಥವು, ಆದ್ದರಿಂದ ಸೋತಿರೆಂದು ಎಲೆ ಹರಿಯಬೇಡಿ. ಬೆಳಗಾವಿಯ ಮಳೆಗಾಲದಲ್ಲಿ ಕಾಗದದ ಎಲೆ ಉಬ್ಬಿ ಒಂದಕ್ಕೊಂದು ಅಂಟುತ್ತದೆ, ಪ್ಲಾಸ್ಟಿಕ್ಕಿನದು ವಾಸಿ. ಏಳು ಸಾಲಿಗೆ ಎರಡಡಿ ಅಗಲ ಬೇಕು, ಫ್ಯಾನು ಬೇಡ.

ಕಂಪ್ಯೂಟರಿನಲ್ಲಿ ಇದು ಮನೆಮಾತಾದದ್ದು 1990ರಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ 3.0 ಜತೆ ಬಂದ ಮೇಲೆ. ಬರೆದವನು ವೆಸ್ ಚೆರಿ ಎಂಬ ತರಬೇತಿಯ ಹುಡುಗ, ಎಲೆಗಳ ಚಿತ್ರ ಸೂಸನ್ ಕೇರ್ ಅವರದು. ಮೌಸ್ ಹಿಡಿದು ಎಳೆದು ಬಿಡುವುದು ಜನಕ್ಕೆ ರೂಢಿಯಾಗಲಿ ಎಂಬುದೂ ಉದ್ದೇಶ. ರೂಢಿ ಎಷ್ಟಾಯಿತೆಂದರೆ 2006ರಲ್ಲಿ ನ್ಯೂಯಾರ್ಕಿನ ಮೇಯರ್ ಬ್ಲೂಮ್‌ಬರ್ಗ್ ತಮ್ಮ ಕಚೇರಿಯ ನೌಕರನೊಬ್ಬನ ಪರದೆಯ ಮೇಲೆ ಈ ಆಟ ಕಂಡು ಕೆಲಸದಿಂದಲೇ ತೆಗೆದರು. ನಮ್ಮ ಕಚೇರಿಗಳಲ್ಲಿ ಆ ನಿಯಮ ತಂದರೆ ಎಷ್ಟು ಕುರ್ಚಿ ಉಳಿದಾವು ಎಂಬ ಚರ್ಚೆ ಇಲ್ಲಿ ಬೇಡ. ಈಗ ಫೋನಿನಲ್ಲಿ ಅದೇ ಆಟಕ್ಕೆ ಗಡಿಯಾರ, ಅಂಕ, ಸರಣಿ, ಎರಡು ಹಂಚಿಕೆಯ ನಡುವೆ ಸಾಲದ ಜಾಹೀರಾತು. ಒಬ್ಬರೇ ಕೂರಲೆಂದು ಇದ್ದ ಆಟದೊಳಗೂ ಅಂಗಡಿಯವರು ನುಗ್ಗಿ ಪಕ್ಕದಲ್ಲೇ ಕೂತಿದ್ದಾರೆ. ಒಬ್ಬರೇ ಇರುವವರನ್ನು ಕಂಡರೆ ನಮಗೇನೋ ಕಸಿವಿಸಿ. ಖಾನಾವಳಿಗೆ ಒಬ್ಬರೇ ಹೋಗಿ ನೋಡಿ, ‘ಒಬ್ಬರ ಏನ್ರಿ?’ ಎಂದು ಕೇಳಿ ಕೈತೊಳೆಯುವ ಜಾಗದ ಪಕ್ಕದ ಮೇಜು ತೋರಿಸುತ್ತಾರೆ. ಭಾಷೆಗೂ ಅದೇ ಕಸಿವಿಸಿ ಹತ್ತಿದೆ.

ಕೊನೆಗೆ ನಿಮ್ಮ ‘ಏಕವ್ಯಕ್ತಿ ಪತ್ರಕ್ರೀಡೆ’. ಎಂಟಕ್ಷರ, ಅದರಲ್ಲಿ ನಾಲ್ಕು ಒತ್ತು. ಕೇಳಿದವರು ಯಾರೋ ಒಬ್ಬರೇ ಅಂಚೆ ಹಂಚುತ್ತಿದ್ದಾರೆ ಎಂದುಕೊಂಡಾರು. ಎಲೆಗೆ ಪತ್ರ ಎಂದದ್ದು ಸಂಸ್ಕೃತದಲ್ಲಿ ಸರಿ, ಆದರೆ ಇಸ್ಪೀಟಿನ ಕಟ್ಟು ಕೈಯಲ್ಲಿ ಹಿಡಿದು ‘ಪತ್ರ ಹಾಕು’ ಎಂದವರನ್ನು ಜಮಖಂಡಿಯಲ್ಲಿ ಹುಡುಕಿ ತೋರಿಸಿ. ಸಾಲಿಟೇರ್ ಎಂಬುದು ಚಿಕ್ಕ ಪದ, ಎಲ್ಲರಿಗೂ ತಿಳಿಯುತ್ತದೆ, ಆಡುವವರು ಹಾಗೇ ಅಂದುಕೊಳ್ಳಲಿ, ತಕರಾರಿಲ್ಲ. ಕನ್ನಡದಲ್ಲಿ ಹೇಳು ಎಂದಾಗ ಮಾತ್ರ ಮನೆಯ ಮಾತು ಬಿಟ್ಟು ಕಾಶಿಗೆ ಹೊರಡಬೇಡಿ.

ಬಹುಮಾನದ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ‘ವಜ್ರದುಂಗುರ’ವನ್ನು ಪದಬಂಧ ಮಾಡುವವರಿಗೆ ಒಪ್ಪಿಸಿದ್ದೇವೆ, ಐದು ಮನೆ ಖಾಲಿ ಬಿದ್ದ ದಿನ ಕೂರಿಸುತ್ತಾರೆ.