ವಿಸ್ಕಿ ಪೀಪಾಯಿಯಲ್ಲಿಟ್ಟ ಬೆಲ್ಜಿಯನ್ ಏಲ್ ಕುಡಿಯುವುದು ಹೇಗೆ?

ಯುರೋಪಿನಿಂದ ಬಂದ ಭಾವ ಒಂದು ಬಾಟಲಿ ಕೊಟ್ಟಿದ್ದಾರೆ, ಬೆಲ್ಜಿಯನ್ ಮಾದರಿಯ ಸ್ಟ್ರಾಂಗ್ ಏಲ್ (ಏಲ್ ಅಂದರೆ ಒಂದು ಬಗೆಯ ಬಿಯರ್), ವಿಸ್ಕಿ ಪೀಪಾಯಿಯಲ್ಲಿ ಇಟ್ಟಿದ್ದು, 11% ಆಲ್ಕೋಹಾಲ್. ಫ್ರೀಜರ್‌ನಲ್ಲಿಟ್ಟು ಮಗ್‌ಗೆ ಸುರಿದುಕೊಂಡರೆ ಆಯ್ತಾ, ಬಾಯಿಗೆ ವಿಸ್ಕಿ ಹೊಡೆಯುತ್ತದಾ ಅಂತ ಕೇಳಿದ್ದೀರಿ. ಫ್ರೀಜರ್ ಬೇಡ, ಮಗ್ಗೂ ಬೇಡ. ವಿಸ್ಕಿ ಬರುತ್ತದೆ, ಆದರೆ ತಡವಾಗಿ ಬರುತ್ತದೆ.

ನಾನು ಧಾರವಾಡದವನು, ಇರುವುದು ಪುಣೆಯ ಕೋಥ್ರೂಡ್‌ನಲ್ಲಿ. ಇಲ್ಲಿನ ನಮ್ಮ ಕನ್ನಡ ಗೆಳೆಯರ ಗುಂಪಿನಲ್ಲಿ ಯಾರಾದರೂ ವಿದೇಶಕ್ಕೆ ಹೋದರೆ ಇಂಥ ಬಾಟಲಿ ತರುವುದು ವಾಡಿಕೆ.

ನಿಮ್ಮ ಬಾಟಲಿ ಕ್ವಾಡ್ರುಪಲ್ ಅನ್ನುವ ಜಾತಿಯದ್ದು ಇರಬೇಕು. ಈ ಹೆಸರನ್ನು 1991ರಲ್ಲಿ ಮೊದಲು ಬಳಸಿದವರು ನೆದರ್ಲೆಂಡ್ಸ್‌ನಲ್ಲಿ ಲಾ ಟ್ರಾಪ್ ಬಿಯರ್ ಮಾಡುವ ಮಠದವರು. ಬೆಲ್ಜಿಯಂನ ರೋಶ್‌ಫೋರ್ 10 ಕೂಡ ಇದೇ ಸಾಲಿನದು, ಅದರಲ್ಲಿ 11.3% ಇರುತ್ತದೆ. ಒಣದ್ರಾಕ್ಷಿ, ಅಂಜೂರ, ಲವಂಗದ ವಾಸನೆ ಬರುತ್ತದಲ್ವಾ, ಅದಕ್ಕೆ ಹಣ್ಣು ಮಸಾಲೆ ಏನೂ ಹಾಕಬೇಕಿಲ್ಲ. ಅಷ್ಟೂ ಯೀಸ್ಟ್ ಮತ್ತು ಕಪ್ಪಗೆ ಕಾಸಿದ ಸಕ್ಕರೆಯ ಕೆಲಸ. ಸಕ್ಕರೆ ಪೂರ್ತಿ ಹುದುಗುವುದರಿಂದ ಆಲ್ಕೋಹಾಲ್ ಏರುತ್ತದೆ, ಆದರೆ ಬಿಯರ್ ನಾಲಿಗೆಗೆ ಅಂಟುವುದಿಲ್ಲ.

ಇನ್ನು ಪೀಪಾಯಿ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಒಮ್ಮೆ ಬಳಸಿದ್ದು ಮತ್ತೆ ಬರ್ಬನ್‌ಗೆ ಬರುವುದಿಲ್ಲ. ಹಾಗಾಗಿ ಸುಮಾರು 200 ಲೀಟರ್ ಹಿಡಿಯುವ ಆ ಪೀಪಾಯಿಗಳು ಸ್ಕಾಟ್ಲೆಂಡಿಗೆ, ಗೋವಾದ ಪಾಲ್ ಜಾನ್‌ನಂಥ ವಿಸ್ಕಿ ಕಂಪನಿಗಳಿಗೆ, ಬಿಯರ್ ಮಾಡುವವರ ಹತ್ತಿರ ಹೋಗುತ್ತವೆ. ಹಲಗೆಯೊಳಗೆ ವಿಸ್ಕಿ ಇಂಗಿಯೇ ಇರುತ್ತದೆ. ತಿಂಗಳುಗಟ್ಟಲೆ ಕೂತ ಬಿಯರ್ ಅದನ್ನು ಎಳೆದುಕೊಳ್ಳುತ್ತದೆ, ಜೊತೆಗೆ ಸುಟ್ಟ ಮರದಿಂದ ವೆನಿಲಾ ಮತ್ತು ಕೊಬ್ಬರಿಯ ಪರಿಮಳವನ್ನೂ.

ಈಗ ಕುಡಿಯುವ ವಿಷಯ. ಬಾಟಲಿಯನ್ನು ಹಿಂದಿನ ದಿನವೇ ಫ್ರಿಜ್‌ನಲ್ಲಿ ನೇರವಾಗಿ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಬೇಸಿಗೆಯಾದರೆ ಕಾಲು ಗಂಟೆ ಸಾಕು. 12ರಿಂದ 14 ಡಿಗ್ರಿ ಇದ್ದರೆ ಚೆನ್ನ. ವೈನ್ ಗ್ಲಾಸ್ ಓರೆ ಮಾಡಿ ನಿಧಾನಕ್ಕೆ ಸುರಿಯಿರಿ, ಅರ್ಧ ಗ್ಲಾಸಿಗಿಂತ ಜಾಸ್ತಿ ಬೇಡ. ಕೊನೆಯ ಒಂದು ಬೆರಳಿನಷ್ಟು ಬಾಟಲಿಯಲ್ಲೇ ಉಳಿಯಲಿ.

ಮೊದಲ ಗುಟುಕು ಬಹುಶಃ ಸಪ್ಪೆ ಅನ್ನಿಸುತ್ತದೆ. ತಣ್ಣಗಿದ್ದಾಗ ವಾಸನೆ ಮೇಲೆ ಏಳುವುದಿಲ್ಲ, ಸ್ವಲ್ಪ ಸಿಹಿ, ಸ್ವಲ್ಪ ಆಲ್ಕೋಹಾಲಿನ ಬಿಸಿ, ಅಷ್ಟೇ. ಗ್ಲಾಸಿನ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಹರಟೆ ಹೊಡೆಯುತ್ತಾ ಇರಿ. ನೊರೆ ಕುಗ್ಗಿ ಅಂಚಿಗೆ ಒಂದು ಉಂಗುರವಾಗಿ ಉಳಿಯುವ ಹೊತ್ತಿಗೆ ಖರ್ಜೂರ, ಕಾಸಿದ ಬೆಲ್ಲ ಬರುತ್ತವೆ. ಅದರ ಹಿಂದೆ ವೆನಿಲಾ. ವಿಸ್ಕಿ ನಾಲಿಗೆಯ ಮೇಲೆ ಸಿಗುವುದಿಲ್ಲ. ನುಂಗಿದ ಮೇಲೆ ಗಂಟಲಿನಿಂದ ಮೂಗಿಗೆ ಹತ್ತುತ್ತದೆ, ಮರದ ಸಣ್ಣ ಒಗರಿನ ಜೊತೆ. ನನ್ನ ಲೆಕ್ಕದಲ್ಲಿ ಹಣ್ಣಿನ ವಾಸನೆ ಮುಂದೆ, ಮರ ಹಿಂದೆ ಇದ್ದರೆ ಅದು ಒಳ್ಳೆಯ ಬಾಟಲಿ. ಬರೀ ವೆನಿಲಾ ಹೊಡೆದರೆ ಪೀಪಾಯಿಯಲ್ಲಿ ಜಾಸ್ತಿ ದಿನ ಬಿಟ್ಟಿದ್ದಾರೆ ಅಂತ ಅರ್ಥ. ಸ್ಕಾಟ್ಲೆಂಡಿನ ಐಲೇ ದ್ವೀಪದ ಹೊಗೆವಾಸನೆ ವಿಸ್ಕಿಯ ಪೀಪಾಯಿ ಅಂತ ಲೇಬಲ್ ಮೇಲಿದ್ದರೆ ಅದು ನನಗಂತೂ ಸೇರುವುದಿಲ್ಲ. ಲವಂಗ ಮತ್ತು ಹೊಗೆ ಒಂದೇ ಬಾಯಲ್ಲಿ ಜಗಳ ಆಡುತ್ತವೆ. ನಮ್ಮಲ್ಲೇ ಅದನ್ನು ಮೆಚ್ಚುವವರೂ ಇದ್ದಾರೆ, ಇರಲಿ ಬಿಡಿ.

ನೆಂಚಿಕೊಳ್ಳಲು ಖಾರದ ಶೇಂಗಾ, ಚಿವಡಾ ಬೇಡ. ಇಷ್ಟು ಆಲ್ಕೋಹಾಲ್ ಜೊತೆ ಖಾರ ಇನ್ನೂ ಉರಿಯುತ್ತದೆ. ಹುರಿದ ಬಾದಾಮಿ, ಪುರಂದರದ ಅಂಜೂರ ಸರಿಹೊಂದುತ್ತವೆ. ಅದಕ್ಕಿಂತ ಚೆನ್ನಾಗಿ ಹೊಂದುವುದು ಧಾರವಾಡ ಪೇಡಾ. ನಗಬೇಡಿ, ನಮ್ಮೂರ ಅಭಿಮಾನಕ್ಕೆ ಹೇಳುತ್ತಿಲ್ಲ. ಹಾಲನ್ನು ಕಂದು ಬಣ್ಣಕ್ಕೆ ಬರುವವರೆಗೆ ಹುರಿದ ಆ ರುಚಿ ಈ ಬಿಯರಿನಲ್ಲೂ ಇದೆ. ಒಂದು ಚೂರು ಬಾಯಿಗೆ ಹಾಕಿಕೊಂಡು ಮೇಲೆ ಒಂದು ಗುಟುಕು ಕುಡಿದು ನೋಡಿ.

ಅಳತೆ ಮಾತ್ರ ನೆನಪಿರಲಿ. 330 ಮಿಲಿ ಬಾಟಲಿಯಲ್ಲಿ 11% ಅಂದರೆ ಸುಮಾರು 36 ಮಿಲಿ ಶುದ್ಧ ಆಲ್ಕೋಹಾಲ್. 42.8% ಇರುವ ನಮ್ಮ ವಿಸ್ಕಿಯ 60 ಮಿಲಿ ಲಾರ್ಜ್‌ನಲ್ಲಿ ಇರುವುದು ಸುಮಾರು 26. ಬಿಯರ್ ತಾನೇ ಅಂತ ಗಟಗಟ ಕುಡಿದು ಸ್ಕೂಟರ್ ಕೀಲಿ ಹುಡುಕಬೇಡಿ. ಒಂದು ಬಾಟಲಿಯನ್ನು ಇಬ್ಬರು ಹಂಚಿಕೊಂಡರೆ ಧಾರಾಳ ಆಯ್ತು.

ಈಗಲೇ ತೆಗೆಯುವ ಮನಸ್ಸಿಲ್ಲದಿದ್ದರೂ ಪರವಾಗಿಲ್ಲ, ಈ ಜಾತಿಯ ಏಲ್ ವರ್ಷಗಟ್ಟಲೆ ತಡೆಯುತ್ತದೆ. ಅಟ್ಟದ ಮೇಲೆ ಮಾತ್ರ ಇಡಬೇಡಿ, ಪುಣೆಯ ಏಪ್ರಿಲ್ ಬಿಸಿಗೆ ಕೆಟ್ಟು ಒದ್ದೆ ರಟ್ಟಿನ ವಾಸನೆ ಬರುತ್ತದೆ. ಫ್ರಿಜ್‌ನಲ್ಲಿ ತರಕಾರಿ ಪಕ್ಕ ಒಂದು ಮೂಲೆ ಕೊಡಿ, ಮನೆಯಲ್ಲಿ ಯಾರೂ ಬೈಯದಿದ್ದರೆ.