ನ್ಯಾಶ್‌ವಿಲ್‌ನಾಗ ಚೊಲೊ ಫ್ರೈಡ್ ಚಿಕನ್: ಬೆಳಗಾವಿಯಿಂದ ಬಂದ ತಮ್ಮಗ ಉತ್ತರ

ತಮ್ಮಾ, ಬೆಳಗಾವಿ ಬಿಟ್ಟು ಅಮೆರಿಕಾದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ಗೆ ಬಂದು ಮೂರು ವಾರ ಆತು ಅಂದಿ. ವ್ಯಾಂಡರ್‌ಬಿಲ್ಟ್ ಯುನಿವರ್ಸಿಟಿ ಹಂತ್ಯಾಕ ರೂಮು, ಕಾರಿಲ್ಲ, ದನದ್ದು ಹಂದಿದ್ದು ತಿನ್ನೂದಿಲ್ಲ, ಜೋಡಿ ಇರೋ ವಿಜಯಪುರದ ಹುಡುಗ ಹಲಾಲ್ ಬಿಟ್ಟು ಬ್ಯಾರೆ ಮುಟ್ಟೂದಿಲ್ಲ. ಊರಾಗ ಎಲ್ಲಾಕಿಂತ ಚೊಲೊ ಫ್ರೈಡ್ ಚಿಕನ್ ಎಲ್ಲಿ ಸಿಗತೈತಿ, ಇಲ್ಲಿಯವರು ‘ಹಾಟ್’ ಅನ್ನೂದು ನಮಗ ಖಾರ ಅನಿಸತೈತೋ ಇಲ್ಲೋ ಅಂತ ಕೇಳಿದಿ.

ಅಂಗಡಿ ಹೆಸರು ಹೇಳತೀನಿ. ಆದ್ರ ಅದಕ್ಕಿಂತ ಮೊದ್ಲ ಒಂದು ಮಾತು ತಲ್ಯಾಗ ಇಟ್ಕೊ. ಫ್ರೈಡ್ ಚಿಕನ್ ಅನ್ನೂದು ಬಿಸಿ ರೊಟ್ಟಿ ಇದ್ದಂಗ. ಎಣ್ಣ್ಯಾಗಿಂದ ಎದ್ದ ಹತ್ತು ನಿಮಿಷದಾಗ ಅದರ ರುಚಿನ ಬ್ಯಾರೆ, ಅರ್ಧ ತಾಸಿನ ಮ್ಯಾಲ ಬ್ಯಾರೆ. ಹೆಸರುವಾಸಿ ಅಂಗಡ್ಯಾಗ ಬಿಸಿ ದೀಪದ ಕೆಳಗ ಕುಂತ ತುಂಡಿಗಿಂತ ಗ್ಯಾಸ್ ಸ್ಟೇಷನ್‌ದಾಗ ಈಗರೆ ತೆಗದ ತುಂಡು ಮೇಲು. ಅದಕ್ಕ ಯಾವ ಅಂಗಡಿ ಅನ್ನೂದರಷ್ಟ ಯಾವ ಹೊತ್ತಿಗೆ ಹೋಗೂದು, ಏನಂತ ಕೇಳೂದು ಅನ್ನೂದೂ ಮುಖ್ಯ.

ಎಲುಬಿನ ತೊಡಿ ತುಂಡು ಸರಿಯಾಗಿ ಬೇಯಾಕ ಹದಿನೈದು ನಿಮಿಷದ ಸುತ್ತಮುತ್ತ ಬೇಕು. ರೊಕ್ಕ ಕೊಟ್ಟ ಎರಡು ನಿಮಿಷಕ್ಕ ಡಬ್ಬಿ ಕೈಗೆ ಬಂತು ಅಂದ್ರ ಅದು ಮೊದ್ಲ ಕರದು ಇಟ್ಟಿದ್ದು. ಗಿರಾಕಿ ಭಾಳ ಇದ್ದಾಗ ಅದೂ ನಡೀತೈತಿ, ಯಾಕಂದ್ರ ಕರದದ್ದು ಕರದಂಗ ಖಾಲಿ ಆಗತಿರತೈತಿ. ಮಧ್ಯಾಹ್ನ ಹನ್ನೊಂದೂವರಿಯಿಂದ ಒಂದರ ತನಕ, ಸಂಜಿ ಐದೂವರಿಯಿಂದ ಏಳರ ತನಕ ಹೋಗು. ಮೂರು ಗಂಟೆಕ್ಕ ಹೋಗಬ್ಯಾಡ, ಊಟದ ಹೊತ್ತಿನ್ಯಾಗ ಉಳಿದದ್ದು ನಿನ್ನ ಪಾಲಿಗೆ ಬರತೈತಿ. ಅನುಮಾನ ಬಂದ್ರ ಕೌಂಟರಿನ್ಯಾಗ ನೆಟ್ಟಗ ಕೇಳು: ‘ಕ್ಯಾನ್ ಐ ಗೆಟ್ ಇಟ್ ಫ್ರೆಶ್? ಐ ಡೋಂಟ್ ಮೈಂಡ್ ವೇಟಿಂಗ್.’ ಇದಕ್ಕ ಇಲ್ಲಿ ಯಾರೂ ಸಿಟ್ಟಾಗೂದಿಲ್ಲ.

ಒಳಗ ಹೋದ ಕೂಡ್ಲೆ ಮೂಗಿಗೆ ಕೆಲಸ ಕೊಡು. ಎಣ್ಣಿ ಹಳೇದಾಗಿದ್ರ ಮೀನಿನಂಥ, ಪೇಂಟಿನಂಥ ವಾಸನಿ ಬರತೈತಿ. ತುಂಡಿನ ಬಣ್ಣ ಬಂಗಾರದ ಕಂದು ಇರಬೇಕು. ಕಪ್ಪು ಕಂದಾಗಿ ಒಳಗ ಜಿಡ್ಡು ಕುಡಿದಿದ್ರ ಎಣ್ಣಿ ಸತ್ತಿರತೈತಿ, ಇಲ್ಲಾಂದ್ರ ಸಾಕಷ್ಟು ಕಾದಿರೂದಿಲ್ಲ. ಮ್ಯಾಲಿನ ಪದರ ಅಂಗಿ ಕಳಚಿದಂಗ ಒಂದ ಸಲಕ್ಕ ಉದುರಿ ಬಂತು ಅಂದ್ರ ಹಸಿ ತೊಗಲಿಗೆ ಹಿಟ್ಟು ಹಚ್ಚಿ ಗಡಿಬಿಡಿಲೆ ಎಣ್ಣ್ಯಾಗ ಬಿಟ್ಟಾರ ಅಂತ ತಿಳಕೊ.

ಇನ್ನ ತುಂಡಿನ ವಿಚಾರ. ನಮ್ಮ ಕಡೆ ತೊಗಲು ತಗದು ಸಣ್ಣಗ ಕಡಿತಾರ. ಇಲ್ಲಿ ಕೋಳಿನೂ ದೊಡ್ಡದು, ತುಂಡೂ ದೊಡ್ಡದು, ತೊಗಲು ಇದ್ದೇ ಇರತೈತಿ. ಅದರಾಗ ಇಷ್ಟು ಗರಿಗರಿ ಬರೂದಕ್ಕ ತೊಗಲಿನ ಪಾಲೂ ದೊಡ್ಡದು. ‘ಬ್ರೆಸ್ಟ್ ಕ್ವಾರ್ಟರ್’ ಅಂದ್ರ ಎದಿ ಮತ್ತ ರೆಕ್ಕಿ. ‘ಲೆಗ್ ಕ್ವಾರ್ಟರ್’ ಅಂದ್ರ ತೊಡಿ ಮತ್ತ ಕಾಲು, ಇದಕ್ಕ ‘ಡಾರ್ಕ್ ಮೀಟ್’ ಅಂತಾರ. ನೀ ಡಾರ್ಕ್ ಕೇಳು. ಎದಿ ತುಂಡು ಸ್ವಲ್ಪ ಹೊತ್ತು ಹೆಚ್ಚಾದ್ರ ಒಣಗತೈತಿ. ಭಾಳ ದೊಡ್ಡ ಕೋಳಿ ಇದ್ರ ಒಮ್ಮೊಮ್ಮೆ ಎದಿ ಮಾಂಸ ರಬ್ಬರಿನಂಗ ಕಟಿಕಟಿ ಬರತೈತಿ, ಅದಕ್ಕ ‘ವುಡಿ ಬ್ರೆಸ್ಟ್’ ಅಂತಾರ, ಕರಿಯೋರ ತಪ್ಪಲ್ಲ ಅದು. ಎಲುಬಿನ ಹಂತ್ಯಾಕ ಕೆಂಪಗ ಕಂಡ್ರ ಹಸಿ ಐತಿ ಅಂತ ಗಾಬರಿ ಆಗಬ್ಯಾಡ. ಇವು ಎಳೆ ಕೋಳಿ, ಎಲುಬಿನೊಳಗಿನ ಬಣ್ಣ ಹೊರಗ ಇಳದಿರತೈತಿ. ಬೆಂದದ್ದು ಗೊತ್ತಾಗೂದು ಥರ್ಮಾಮೀಟರಿನಿಂದ: 165 ಡಿಗ್ರಿ ಫ್ಯಾರನ್‌ಹೀಟ್, ಅಂದ್ರ 74 ಸೆಲ್ಸಿಯಸ್. ಕಣ್ಣಿಗೆ ಕಾಣೂ ಬಣ್ಣ ನಂಬಬ್ಯಾಡ.

ಈಗ ಈ ಊರಿನ ಸ್ವಂತ ಪದಾರ್ಥ, ಹಾಟ್ ಚಿಕನ್, ಅಂದ್ರ ಮ್ಯಾಲ ಖಾರ ಹಚ್ಚಿದ ಫ್ರೈಡ್ ಚಿಕನ್. ಇದರ ಮೂಲ ಪ್ರಿನ್ಸಸ್ ಹಾಟ್ ಚಿಕನ್ ಅನ್ನೂ ಅಂಗಡಿ. ಥಾರ್ನ್‌ಟನ್ ಪ್ರಿನ್ಸ್ ಅನ್ನಾವ ರಾತ್ರಿ ಹೊರಗ ತಿರುಗಿ ಬಂದಾಗ ಅವನ ಗೆಳತಿ ಸಿಟ್ಟಿಲೆ ಕೋಳಿಗೆ ಖಾರ ಸುರುವಿದ್ಲು, ಅದ ಅವಗ ಸೇರಿತು, ಅಂಗಡಿ ಆತು ಅಂತ ಕಥಿ ಹೇಳತಾರ. ದಶಕಗಟ್ಲೆ ಇದು ಊರಿನ ಕಪ್ಪು ಜನರ ಓಣಿಯೊಳಗಿನ ಊಟ. 1980ರಿಂದ ಅಂಗಡಿ ನಡಿಸಿದವರು ಅದ ಮನೆತನದ ಆಂಡ್ರೆ ಪ್ರಿನ್ಸ್ ಜೆಫ್ರೀಸ್. 2013ರಾಗ ಊಟದ ಅಂಗಡಿಗಳಿಗೆ ಪ್ರಶಸ್ತಿ ಕೊಡೂ ಜೇಮ್ಸ್ ಬಿಯರ್ಡ್ ಫೌಂಡೇಶನ್‌ನ ‘ಅಮೆರಿಕಾಸ್ ಕ್ಲಾಸಿಕ್ಸ್’ ಪ್ರಶಸ್ತಿ ಬಂತು. ಮೊದಲನೇ ಸಲಕ್ಕ ಇಲ್ಲಿಗೇ ಹೋಗು ಅನ್ನೂದು ನನ್ನ ಖಂಡಿತ ಮಾತು. ನೋಲನ್ಸ್‌ವಿಲ್ ಪೈಕ್ ರಸ್ತಾದಾಗ ಐತಿ. ಆ ರಸ್ತಾಕ್ಕ ವೀಗೋ ಅನ್ನೂ ಸಿಟಿ ಬಸ್ಸಿನ 52 ನಂಬರ್ ಬಸ್ ಹೋಗತೈತಿ, ಕಾರು ಬೇಕಾಗಿಲ್ಲ. ಈಸ್ಟ್ ನ್ಯಾಶ್‌ವಿಲ್‌ನ ಬೋಲ್ಟನ್ಸ್‌ದು ಒಣ ಖಾರ, ಜಿಡ್ಡು ಕಡಿಮಿ. ಹ್ಯಾಟಿ ಬೀಸ್ 2012ರಾಗ ಶುರು ಆದದ್ದು, ಮಿಡ್‌ಟೌನಿನ ಅಂಗಡಿಗೆ ನಿನ್ನ ರೂಮಿನಿಂದ ನಡಕೊಂತ ಹೋಗಬಹುದು. ಅಲ್ಲಿ ಪ್ರವಾಸಿಗರ ಪಾಳಿ ಉದ್ದ ಇರತೈತಿ, ಆದ್ರ ಅದರಿಂದನ ಕೋಳಿ ಕುಂದ್ರೂದಿಲ್ಲ, ಬಿಸಿದೇ ಸಿಗತೈತಿ.

ಖಾರದ ಲೆಕ್ಕ ಹೇಳತೀನಿ ಕೇಳು. ಸಾವಜಿ ಖಾನಾವಳಿ ಊಟ ಉಂಡವರು ಕೌಂಟರಿನ್ಯಾಗ ಧೈರ್ಯಾಲೆ ‘ಎಕ್ಸ್‌ಟ್ರಾ ಹಾಟ್’ ಅಂತಾರ, ಅಲ್ಲೇ ತಪ್ಪತಾರ. ನಮ್ಮ ಖಾರ ಸಾರಿನ್ಯಾಗ ಕುದ್ದಿರತೈತಿ, ಉಳ್ಳಾಗಡ್ಡಿ, ಕೊಬ್ಬರಿ, ಎಳ್ಳು ಅದನ್ನ ತಡೀತಾವ, ಜೋಡಿಗೆ ರೊಟ್ಟಿ ಇರತೈತಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕ ಹೆಸರಾದದ್ದು, ಉರಿಗಲ್ಲ. ಇಲ್ಲಿ ಬಳಸೂ ಕೆಯೆನ್ ಅನ್ನೂ ಮೆಣಸಿನಕಾಯಿ ಪುಡಿ ಅದಕ್ಕಿಂತ ಭಾಳ ಉರಿ. ಅದನ್ನ ಕಾದ ಕೊಬ್ಬಿನ್ಯಾಗ ಕಲಿಸಿ, ಕರದ ತುಂಡಿನ ಮ್ಯಾಲ ದಪ್ಪಗ ಹಚ್ಚತಾರ. ಜಿಡ್ಡಿನ ಜೋಡಿ ಬಂದ ಖಾರ ತುಟಿಗೆ ಅಂಟಿಕೊಂತೈತಿ, ನೀರಿಗೆ ಬಿಡೂದಿಲ್ಲ, ಎರಡು ನಿಮಿಷದ ಮ್ಯಾಲ ಏರಾಕ ಹತ್ತತೈತಿ. ಮೊದಲನೇ ಸಲ ‘ಮೀಡಿಯಂ’ ತಗೊ. ಅದು ಹಗರ ಅನಿಸಿದ್ರ ಮುಂದಿನ ಸಲ ‘ಹಾಟ್’. ಅದರ ಮ್ಯಾಲಿನ ಮೆಟ್ಟಿಲದಾಗ ಕೋಳಿ ರುಚಿ ಸಿಗೂದಿಲ್ಲ.

ತಟ್ಟಿ ಮುಂದ ಬಂದಾಗ ನೋಡು: ಕೆಳಗ ಎರಡು ಬಿಳಿ ಬ್ರೆಡ್ಡು, ಅದರ ಮ್ಯಾಲ ಇಟ್ಟಂಗಿ ಬಣ್ಣದ ತುಂಡು, ಮ್ಯಾಲ ಕಡ್ಡಿ ಚುಚ್ಚಿದ ಉಪ್ಪಿನ ಸೌತಿಕಾಯಿ ಬಿಲ್ಲೆ. ಖಾರದ ಎಣ್ಣಿ ಇಳದು ಬ್ರೆಡ್ಡಿನ ಅಂಚಿಗೆ ಕೆಂಪು ಗೆರಿ ಕಟ್ಟಿರತೈತಿ. ಬ್ರೆಡ್ಡು ಉರಿ ಆರಿಸಾಕ ಅಂತ ಭಾಳ ಮಂದಿ ತಿಳಕೊಂತಾರ. ತಳದ ಬ್ರೆಡ್ಡು ಕೋಳಿಗಿಂತ ಖಾರ, ಅದನ್ನ ಕಡೀಕ ತಿನ್ನು. ಉರಿಗೆ ಹಾಲು ಇಲ್ಲಾಂದ್ರ ಮೊಸರು ತಗೊ, ಸೋಡಾ ಕುಡಿದ್ರ ಉರಿ ಹೆಚ್ಚಾಗತೈತಿ. ತಿಂದ ಮ್ಯಾಲ ಸಾಬೂನು ಹಚ್ಚಿ ಎರಡು ಸಲ ಕೈ ತೊಳಿ, ಆಮ್ಯಾಲ ಕಣ್ಣು ಮುಟ್ಟು.

ದನ, ಹಂದಿ ವಿಚಾರದಾಗ ಹುಷಾರಾಗಿರಬೇಕು, ಯಾಕಂದ್ರ ಇಲ್ಲಿ ಕೋಳಿ ಅಂದ್ರ ಕೋಳಿ ಅಷ್ಟ ಅಲ್ಲ. ಹಳೇ ಪದ್ಧತಿಯೊಳಗ ಹಾಟ್ ಚಿಕನ್ನಿನ ಖಾರ ಕಲಸೂದು ಲಾರ್ಡ್‌ನಾಗ, ಅದು ಹಂದಿ ಕೊಬ್ಬು. ಈಗ ಭಾಳ ಕಡೆ ಎಣ್ಣಿ ಬಳಸತಾರ, ಆದ್ರೂ ಪ್ರತಿ ಅಂಗಡ್ಯಾಗ ಕೇಳು: ‘ವಾಟ್ ಡು ಯು ಫ್ರೈ ಇಟ್ ಇನ್? ಎನಿ ಲಾರ್ಡ್ ಆರ್ ಬೀಫ್ ಟ್ಯಾಲೋ?’ ಪೋಪೈಸ್ ಅನ್ನೂ ಚೈನ್ ಅಂಗಡಿಯವರು ಅಮೆರಿಕಾದಾಗ ಬೀಫ್ ಟ್ಯಾಲೋ, ಅಂದ್ರ ದನದ ಕೊಬ್ಬಿನ್ಯಾಗ ಕರೀತಾರ, ನಿನಗ ಅದು ಬ್ಯಾಡ. ಚಿಕ್-ಫಿಲ್-ಎ ಅನ್ನೂ ಇನ್ನೊಂದು ಚೈನಿನವರು ಶೇಂಗಾ ಎಣ್ಣಿಯೊಳಗ ಕರೀತಾರ. ನಮ್ಮ ಗಾಣದ ಶೇಂಗಾ ಎಣ್ಣಿ ಪರಿಮಳ ಹುಡಕಬ್ಯಾಡ, ಅದು ರಿಫೈನ್ಡ್. ಅಲ್ಲಿ ಎಲುಬಿಲ್ಲದ್ದು ಅಷ್ಟ ಸಿಗತೈತಿ, ಐತವಾರ ಬಂದ್. ಜೋಡಿಗೆ ಕೊಡೂ ಪಲ್ಯಾನೂ ನೋಡು: ಕಾಲರ್ಡ್ ಗ್ರೀನ್ಸ್ ನಮ್ಮ ಸೊಪ್ಪಿನ ಪಲ್ಯದಂಗ ಕಾಣತೈತಿ, ಆದ್ರ ಹೆಚ್ಚಾಗಿ ಹಂದಿ ಎಲುಬು ಹಾಕಿ ಕುದಿಸಿರತಾರ. ಬೇಕ್ಡ್ ಬೀನ್ಸಿನ್ಯಾಗೂ ಹಂಗ. ಕೋಲ್‌ಸ್ಲಾ, ಮ್ಯಾಕ್ ಆ್ಯಂಡ್ ಚೀಸ್ ಸಾಮಾನ್ಯವಾಗಿ ನಡೀತಾವ.

ನಿನ್ನ ರೂಮಿನ ಹುಡುಗಗ: ಫಲಕದ ಮ್ಯಾಲ ‘ಹಲಾಲ್’ ಅಂತ ಬರದಿಲ್ಲಂದ್ರ ಇಲ್ಲ ಅಂತ ತಿಳಕೊಂಡು ನಡಿ. ಆದ್ರ ಅಮೆರಿಕಾದಾಗ ಎಲ್ಲಾಕಿಂತ ದೊಡ್ಡ ಕುರ್ದ್ ಜನರ ವಸ್ತಿ ಇದ ಊರಾಗ, ನೋಲನ್ಸ್‌ವಿಲ್ ಪೈಕಿನ ಸುತ್ತ ಐತಿ. ಅಲ್ಲಿ ಹಲಾಲ್ ಕಟುಕರ ಅಂಗಡಿ, ಊಟದ ಅಂಗಡಿ ಎರಡೂ ಸಿಗತಾವ. ಅದ 52ನೇ ಬಸ್ಸು.

ಖಾರ ಬ್ಯಾಡಾದ ದಿನಕ್ಕ ಪಬ್ಲಿಕ್ಸ್ ಕಿರಾಣಿ ಅಂಗಡಿಯ ಡೆಲಿ ಕೋಳಿ ಚೊಲೊ, ಎಂಟು ತುಂಡಿನ ಡಬ್ಬಿ, ಸಂಜಿ ಹೊತ್ತು ತಗೊ. ಗ್ಯಾಸ್ ಸ್ಟೇಷನ್‌ಗಳೊಳಗ ಕ್ರಿಸ್ಪಿ ಕ್ರಂಚಿ ಅಂತ ಬೋರ್ಡು ಇರತೈತಿ, ಮಧ್ಯಾಹ್ನ ಕೂಲಿ ಕೆಲಸದವರು ಪಾಳಿ ಹಚ್ಚಿದ್ರ ನೀನೂ ನಿಂದ್ರು. ಲವ್‌ಲೆಸ್ ಕೆಫೆ 1951ರದ್ದು, ಬಿಸ್ಕಿಟ್ಟಿಗೆ (ಇಲ್ಲಿ ಅದು ಮೆತ್ತನ ಬ್ರೆಡ್ಡಿನಂಥಾದ್ದು) ಹೆಸರು, ಆದ್ರ ಊರ ಹೊರಗ, ಕಾರು ಇದ್ದವರ ಜೋಡಿ ಹೋಗು. 

ಬೋರ್ಡಿನ ಮ್ಯಾಲಿನ ರೇಟಿಗೆ ಇಲ್ಲಿ ಶೇಕಡಾ 9.75 ತೆರಿಗಿ ಕೂಡತೈತಿ. ಕೌಂಟರಿನ್ಯಾಗ ನಿಂತು ತಗೊಂಡ್ರ ಟಿಪ್ಸು ನಿನ್ನ ಇಚ್ಛಾ, ಮೇಜಿಗೆ ತಂದು ಕೊಟ್ರ 18ರಿಂದ 20 ಪರ್ಸೆಂಟ್ ಇಡಬೇಕು.

ಮನ್ಯಾಗ ಮಾಡ್ಕೋಬೇಕು ಅಂದ್ರ: ಒಂದು ಕಿಲೋ ತೊಡಿ, ಕಾಲು, ತೊಗಲು ಇರಲಿ. ಎರಡು ಕಪ್ ‘ಬಟರ್‌ಮಿಲ್ಕ್’, ಅದರಾಗ 15 ಗ್ರಾಂ ಉಪ್ಪು, ರಾತ್ರಿಯಿಡೀ ಫ್ರಿಜ್ಜಿನ್ಯಾಗ. ಇಲ್ಲಿಯ ಬಟರ್‌ಮಿಲ್ಕ್ ನಮ್ಮ ಮಜ್ಜಿಗಿ ಅಲ್ಲ, ದಪ್ಪ ಹುಳಿ ಹಾಲು. ಸಿಗದಿದ್ರ ಮೊಸರಿಗೆ ಸ್ವಲ್ಪ ನೀರು ಕೂಡಸು. ಎರಡು ಕಪ್ ಮೈದಾ, ಅರ್ಧ ಕಪ್ ಕಾರ್ನ್‌ಸ್ಟಾರ್ಚ್, ಎರಡು ಸಣ್ಣ ಚಮಚ ಉಪ್ಪು, ಒಂದು ಸಣ್ಣ ಚಮಚ ಕರಿಮೆಣಸು. ಆ ಹಿಟ್ಟಿನ ಮ್ಯಾಲ ಮೂರು ದೊಡ್ಡ ಚಮಚ ಬಟರ್‌ಮಿಲ್ಕ್ ಚಿಮಕಿಸಿ ಬೆರಳಿಲೆ ಉದುರುದುರು ಮಾಡು, ಆ ಗಂಟುಗಳೇ ಮುಂದ ಗರಿ ಆಗತಾವ. ತುಂಡಿಗೆ ಹಿಟ್ಟು ಒತ್ತಿ ಹಚ್ಚಿ, ಜಾಳಗಿ ಮ್ಯಾಲ 20 ನಿಮಿಷ ಬಿಡು. ಈ ಇಪ್ಪತ್ತು ನಿಮಿಷ ತಪ್ಪಿಸಿದ್ರ ಪದರ ಉದುರತೈತಿ.

ದಪ್ಪ ಬೀಡಿನ ಪಾತ್ರಿ ಬೇಕು. ಲಾಡ್ಜ್ ಕಂಪನಿದು ಇದ ಟೆನೆಸಿ ರಾಜ್ಯದ ಸೌತ್ ಪಿಟ್ಸ್‌ಬರ್ಗ್‌ನಾಗ 1896ರಿಂದ ತಯಾರಾಗತೈತಿ. ಎಣ್ಣಿ ಅರ್ಧಕ್ಕಿಂತ ಹೆಚ್ಚು ತುಂಬಬ್ಯಾಡ. 350 ಫ್ಯಾರನ್‌ಹೀಟ್‌ಗೆ ಬಂದ ಮ್ಯಾಲ ನಾಲ್ಕು ತುಂಡು ಬಿಡು, 310ಕ್ಕಿಂತ ಕೆಳಗ ಇಳೀಗೊಡಬ್ಯಾಡ, ಇಳದ್ರ ಹಿಟ್ಟು ಎಣ್ಣಿ ಕುಡೀತೈತಿ. ಕಾಲಿಗೆ 13, ತೊಡಿಗೆ 16 ನಿಮಿಷ, ಒಳಗ 175 ಬಂದ್ರ ಡಾರ್ಕ್ ಮೀಟ್ ಎಲುಬು ಬಿಡತೈತಿ. ತೆಗದು ಜಾಳಗಿ ಮ್ಯಾಲ ಇಡು, ಕಾಗದದ ಮ್ಯಾಲ ಇಟ್ರ ತಳ ಮೆತ್ತಗಾಗತೈತಿ.

ಖಾರಕ್ಕ ಎರಡು ದೊಡ್ಡ ಚಮಚ ಕೆಯೆನ್, ಒಂದು ಕಂದು ಸಕ್ಕರಿ, ಒಂದು ಸಣ್ಣ ಚಮಚ ಬಳ್ಳೊಳ್ಳಿ ಪುಡಿ, ಉಪ್ಪು. ಕರದ ಎಣ್ಣಿ ಅರ್ಧ ಕಪ್ ತಗದು, ನಾಲ್ಕೈದು ನಿಮಿಷ ಆರಿಸಿ ಈ ಪುಡಿ ಮ್ಯಾಲ ಸುರುವಿ ಕಲಿಸು, ಕರದ ತುಂಡಿಗೆ ಹಚ್ಚು. ಕುದಿ ಎಣ್ಣಿ ಸುರುವಿದ್ರ ಖಾರ ಸುಟ್ಟು ಕಹಿ ಆಗತೈತಿ. ಊರಿನಿಂದ ತಂದ ಮಸಾಲಿ ಖಾರ ಹಾಕೂದಿದ್ರ ಕೆಯೆನ್ ಅರ್ಧ, ಅದು ಅರ್ಧ. ಅದರಾಗಿನ ಕೊಬ್ಬರಿ, ಎಳ್ಳು ಲಗೂನ ಸುಡತಾವ, ಎಣ್ಣಿ ಇನ್ನೂ ಆರಿರಬೇಕು.

ಒಲಿ ಹಚ್ಚೂಕಿಂತ ಮೊದ್ಲ ಎಕ್ಸಾಸ್ಟ್ ಹಾಕಿ ಕಿಡಕಿ ತಗಿ, ಇಲ್ಲಾಂದ್ರ ಅಪಾರ್ಟ್‌ಮೆಂಟಿನ ಹೊಗಿ ಗಂಟಿ ಹೊಡಕೊಂತೈತಿ. ಉಳಿದ ಎಣ್ಣಿ ಸಿಂಕಿಗೆ ಸುರುವಬ್ಯಾಡ, ಆರಿದ ಮ್ಯಾಲ ಬಾಟ್ಲಿಗೆ ತುಂಬಿ ಮುಚ್ಚಿ ಕಸಕ್ಕ ಹಾಕು. ಹೊರಗಿಂದ ತಂದದ್ದು ಇದ್ರ ಬಸ್ಸಿನ್ಯಾಗ ಡಬ್ಬಿ ಮುಚ್ಚಳ ಒಂದು ಬೆರಳು ತೆಗದಿಡು, ಉಗಿ ಹೊರಗ ಹೋಗಲಿ. ಎರಡು ತಾಸಿನೊಳಗ ಫ್ರಿಜ್ಜಿಗೆ ಹೋಗಬೇಕು. ಮರುದಿನ ಮೈಕ್ರೋವೇವ್ ಬ್ಯಾಡ, ಓವನ್ನಿನ್ಯಾಗ 375 ಫ್ಯಾರನ್‌ಹೀಟ್‌ಗೆ ಜಾಳಗಿ ಮ್ಯಾಲ ಹದಿನೈದು ನಿಮಿಷ.