ರಾತ್ರಿಯೆಲ್ಲ ವಾಲ್ವ್ ಶಬ್ದ ಕೇಳುತ್ತಾ ಕೂರುವ ಗಂಡ

(ನಾನು ಆಪ್ತಸಲಹೆಗಾರ್ತಿ. ಇಬ್ಬರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಮೊದಲ ದಿನ ಇಬ್ಬರೂ ಒಳಗೆ ಬಂದಾಗ ಗಂಡನ ಕೈಯಲ್ಲಿ ಮೂರು ಫೈಲು, ಒಂದು ಬಿಪಿ ಮೆಷಿನ್ನು, ಒಂದು ಫ್ಲಾಸ್ಕು. ಹೆಂಡತಿಯ ವ್ಯಾನಿಟಿ ಬ್ಯಾಗೂ ಅವರ ಹೆಗಲಲ್ಲೇ ಇತ್ತು. ಆಕೆಯ ಕೈ ಖಾಲಿ. ಕುರ್ಚಿ ಎಳೆದುಕೊಟ್ಟರು, ಫ್ಯಾನ್ ಕಮ್ಮಿ ಮಾಡಿಸಿದರು, "ನಿಧಾನ, ನಿಧಾನ" ಅಂದರು. ಆಕೆ ಕೂತು, ನನ್ನ ಕಡೆ ತಿರುಗಿ, "ಮೇಡಂ, ಇವರಿಗೆ ಏನಾದ್ರೂ ಮಾಡಿ" ಅಂದರು.

ಪೇಷೆಂಟ್ ಯಾರು ಅಂತ ನನಗೇ ಗೊಂದಲವಾಯಿತು.

ಆಕೆಯನ್ನು ಸಾವಿತ್ರಿ ಅನ್ನೋಣ, 43 ವರ್ಷ. ಗಂಡ ಮಂಜಣ್ಣ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಲಾರಿ, ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜ್ ಇಟ್ಟಿದ್ದಾರೆ. ಮಗಳು ಡಿಗ್ರಿ, ಮಗ ಪಿಯುಸಿ. ಜೊತೆಗೆ ಮಂಜಣ್ಣನ ತಾಯಿ.

ಸಾವಿತ್ರಿಯವರ ಕಾಯಿಲೆಯ ಕಥೆ ನಮ್ಮ ಕಡೆ ಅಪರೂಪದ್ದೇನಲ್ಲ. ಹುಡುಗಿಯಾಗಿದ್ದಾಗ ಪದೇ ಪದೇ ಗಂಟಲು ನೋವು, ಆಮೇಲೆ ಜ್ವರ, ಕೀಲುಗಳಲ್ಲಿ ಊತ. ಅದು ರುಮ್ಯಾಟಿಕ್ ಜ್ವರ. ಗಂಟಲಿನ ಸೋಂಕಿನ ಮೇಲೆ ಮೈ ನಡೆಸುವ ಹೋರಾಟದಲ್ಲಿ ಹೃದಯದ ಕವಾಟಗಳೂ ಏಟು ತಿನ್ನುತ್ತವೆ. ಆ ಏಟು ಎಷ್ಟೋ ವರ್ಷ ಗೊತ್ತೇ ಆಗೋದಿಲ್ಲ. ಇವರಿಗೆ ಗೊತ್ತಾಗಿದ್ದು ಎರಡನೇ ಬಸಿರಿನಲ್ಲಿ, ಉಸಿರು ಕಟ್ಟಿದಾಗ. ಹೆರಿಗೆಯಾದ ಮೇಲೆ ಬಲೂನ್ ಹಾಕಿ ಕವಾಟ ಹಿಗ್ಗಿಸಿದರು. 16 ವರ್ಷ ಅದರಲ್ಲೇ ಸಂಸಾರ ನಡೆಯಿತು. ಆಮೇಲೆ ಕವಾಟ ಮತ್ತೆ ಕಿರಿದಾಯಿತು, ಸೋರತೊಡಗಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಮೈಟ್ರಲ್ ಕವಾಟ ತೆಗೆದು ಮೆಟಲ್ ವಾಲ್ವ್ ಕೂರಿಸಿದರು. ಪ್ರಾಣಿಗಳ ಅಂಗಾಂಶದಿಂದ ಮಾಡಿದ ವಾಲ್ವ್ ಸಾಮಾನ್ಯವಾಗಿ 10–15 ವರ್ಷಕ್ಕೆ ಸವೆಯುತ್ತೆ, ವಯಸ್ಸು ಚಿಕ್ಕದಾದಷ್ಟೂ ಬೇಗ. ಮತ್ತೊಂದು ಆಪರೇಷನ್ ತಪ್ಪಲಿ ಅಂತ ಮೆಟಲ್. ಅದಕ್ಕೆ ಬದಲಾಗಿ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ, ಪದೇ ಪದೇ ಐಎನ್‌ಆರ್ ಟೆಸ್ಟ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋದು; ನಂಬರ್ ಏರಿದಷ್ಟೂ ರಕ್ತ ತೆಳು).

ನನ್ನ ಹತ್ತಿರ ಬರುವ ಹೊತ್ತಿಗೆ ಆಪರೇಷನ್ ಆಗಿ ಮೂರು ತಿಂಗಳು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಚೆನ್ನಾಗಿತ್ತು. ಎದೆ ಮೂಳೆ ಕೂಡಿತ್ತು. ಡಾಕ್ಟರ್ ಖುಷಿಯಾಗಿದ್ದರು. ಮನೆಯಲ್ಲಿ ಮಾತ್ರ ಯಾರೂ ನಿದ್ದೆ ಮಾಡುತ್ತಿರಲಿಲ್ಲ.

ಕಾರಣ ಆ ವಾಲ್ವಿನ ಶಬ್ದ. ಮೆಟಲ್ ವಾಲ್ವ್ ಮುಚ್ಚಿಕೊಳ್ಳುವಾಗ ಗಡಿಯಾರದ ಹಾಗೆ ಟಿಕ್ ಅನ್ನುತ್ತೆ. ಹಗಲು ಕೇಳಿಸೋದಿಲ್ಲ. ರಾತ್ರಿ ಲೈಟ್ ಆರಿಸಿ ಮಲಗಿದರೆ ಪಕ್ಕದವರಿಗೂ ಕೇಳುತ್ತೆ. ಕೆಲವು ಗಂಡ-ಹೆಂಡತಿಗೆ ಇದು ಹದಿನೈದು ದಿನದ ಕಿರಿಕಿರಿ, ಆಮೇಲೆ ಅಭ್ಯಾಸ. ಮಂಜಣ್ಣ ಮೆಕ್ಯಾನಿಕ್. ಬಾನೆಟ್ ತೆಗೆಯದೆ, ಬರೀ ಶಬ್ದ ಕೇಳಿ ಟ್ಯಾಪೆಟ್ ಸಡಿಲವಾಗಿದೆ ಅಂತ ಹೇಳುವ ಮನುಷ್ಯ. ಅಂಥವರ ಪಕ್ಕದಲ್ಲೇ ದಿನಕ್ಕೆ ಲಕ್ಷ ಸಲ ಟಿಕ್ ಅನ್ನುವ ಒಂದು ವಾಲ್ವ್! ಆಕೆ ಮಗ್ಗುಲು ಬದಲಿಸಿದರೆ ಶಬ್ದ ಬದಲಾಗುತ್ತೆ. ಇವರು ಎದ್ದು ಕೂರುತ್ತಾರೆ. ಕೇಳಿಸದಿದ್ದರೆ ಎಬ್ಬಿಸುತ್ತಾರೆ. ರಾತ್ರಿಗೆ ಎರಡು ಮೂರು ಸಲ.

"ನನ್ ಜೊತೆ ಅಲ್ಲ ಮೇಡಂ, ಆ ವಾಲ್ವ್ ಜೊತೆ ಸಂಸಾರ ಮಾಡ್ತಿದಾರೆ" ಅಂದರು ಸಾವಿತ್ರಿ. ಮಂಜಣ್ಣ ನಗಲಿಲ್ಲ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಇಬ್ಬರಿಗೂ ನಿದ್ದೆ ಬೇಕು ಅಂತ, ಒಂದು ವಾರ ಮಂಜಣ್ಣ ಹಾಲ್‌ನಲ್ಲಿ ಮಲಗಲಿ ಅಂದೆ. ಮಗಳು ಅಮ್ಮನ ಜೊತೆ ಇರಲಿ. ಕೇಳೋಕೆ ಸರಿ ಅನ್ನಿಸುತ್ತೆ, ಅಲ್ವಾ? ಮುಂದಿನ ವಾರ ಸಾವಿತ್ರಿ ಬಂದವರೇ ಅತ್ತರು. "ಎದೆ ಸೀಳಿದ್ಮೇಲೆ ನಾನು ಬೇಡವಾದೆ ಅಂತ ಅನ್ನಿಸ್ತು." ಆಪರೇಷನ್ ಆದಾಗಿನಿಂದ ಗಂಡ ಮೈ ಮುಟ್ಟಿರಲಿಲ್ಲ. ಗಾಯದ ಗೆರೆ ಕಾಣದಂತೆ ಸೆರಗಿಗೆ ಮೇಲೆ ಪಿನ್ ಹಾಕಿಕೊಳ್ಳುತ್ತಿದ್ದರು, ಕನ್ನಡಿ ನೋಡೋದನ್ನೇ ಬಿಟ್ಟಿದ್ದರು. ನಾನು ಅದನ್ನು ಕೇಳದೆಯೇ ಹಾಸಿಗೆ ಬೇರೆ ಮಾಡಿಸಿದ್ದೆ.

ಆಮೇಲೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿದೆ.

ಮಂಜಣ್ಣ ಮೊದಲು ಖರ್ಚು, ಗ್ಯಾರೇಜ್ ಬಗ್ಗೆ ಹೇಳಿದರು. ನಾನು ಸುಮ್ನೆ ಕೇಳುತ್ತಾ ಕೂತೆ. ಕೊನೆಗೆ ಬಂತು. ಆಪರೇಷನ್‌ಗೆ ಮೊದಲು ಎರಡು ವರ್ಷ ಸಾವಿತ್ರಿ ಸುಸ್ತು ಅನ್ನುತ್ತಿದ್ದರಂತೆ. ದಿಂಬು ಎತ್ತರ ಇಟ್ಟುಕೊಂಡು ಮಲಗುತ್ತಿದ್ದರಂತೆ. ಒಂದು ಸಲ ಜಾತ್ರೆಗೆ ಹೋದಾಗ ಮೆಟ್ಟಿಲಲ್ಲಿ ಕೂತುಬಿಟ್ಟರು. "ನಡಿಯೇ, ಎಲ್ರಿಗೂ ದಮ್ಮು ಬರುತ್ತೆ, ನಿಂದೊಂದು ನಾಟಕ" ಅಂದಿದ್ದೆ ಅಂದರು. ಅಷ್ಟು ಹೇಳಿ ಬಹಳ ಹೊತ್ತು ಟೇಬಲ್ ನೋಡುತ್ತಾ ಕೂತರು. "ನೂರಾರು ಗಾಡಿ ಶಬ್ದ ಕೇಳಿಸ್ಕೊಂಡೆ. ಇವಳದ್ದು ಕೇಳಿಸ್ಕೊಳ್ಳಲಿಲ್ಲ."

ಈಗ ಯಾಕೆ ರಾತ್ರಿಯೆಲ್ಲ ಕೇಳುತ್ತಾರೆ ಅಂತ ನನಗೆ ಅರ್ಥವಾಯಿತು. ಅಂಥವರಿಗೆ "ಭಯ ಪಡಬೇಡಿ" ಅನ್ನೋದು ವ್ಯರ್ಥ.

ಸಾವಿತ್ರಿ ಹೇಳಿದ್ದು ಬೇರೆಯೇ. ಎರಡು ತಿಂಗಳಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ಹತ್ತು ದಿನ ನಿಲ್ಲುತ್ತಿರಲಿಲ್ಲ. ಯಾರಿಗೂ ಹೇಳಿಲ್ಲ. ಮಗಳಿಗೂ ಇಲ್ಲ. ಯಾಕೆ ಅಂದೆ. "ಹೇಳಿದ್ರೆ ರಾತ್ರೋರಾತ್ರಿ ಕಾರ್ ಮಾಡಿಸಿ ಬೆಂಗಳೂರಿಗೆ ಕರ್ಕೊಂಡ್ ಹೋಗ್ತಾರೆ. ನೆಗಡಿ ಬಂದಿದ್ದಕ್ಕೇ ಒಂದ್ಸಲ ಹಂಗೇ ಮಾಡಿದ್ರು. ಇನ್ನೊಂದು ರಂಪ ಬೇಡ ಅಂತ ಸುಮ್ನಾದೆ."

ಈ ಪ್ರಕರಣದಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರೋದು ಇದೇ. ಹೆಂಡತಿಯ ಒಂದೊಂದು ಟಿಕ್ಕನ್ನೂ ಎಣಿಸುತ್ತಿದ್ದ ಮನೆಯಲ್ಲಿ, ನಿಜವಾಗಿ ಗೊತ್ತಾಗಬೇಕಾದ ವಿಷಯವೇ ಗೊತ್ತಾಗಲಿಲ್ಲ. ನೋಡಿಕೊಳ್ಳುವವರ ಗಾಬರಿ ಕಂಡರೆ ಕಾಯಿಲೆಯವರು ಮುಚ್ಚಿಡಲು ಕಲಿಯುತ್ತಾರೆ.

ಅವತ್ತು ನಾನು ಆಪ್ತಸಲಹೆ ಪಕ್ಕಕ್ಕಿಟ್ಟೆ. ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬೇಡಿ, ಮೆಟಲ್ ವಾಲ್ವ್ ಇದ್ದವರು ನಿಲ್ಲಿಸಿದರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಬಹುದು ಅಂದೆ. ಅವರ ಎದುರೇ ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಆ ದಿನವೇ ಐಎನ್‌ಆರ್, ಹಿಮೋಗ್ಲೋಬಿನ್ ನೋಡಿಸಿ ಅಂದರು. ಹಿಮೋಗ್ಲೋಬಿನ್ 7.8, ಬಹಳ ಕಮ್ಮಿ. ಐಎನ್‌ಆರ್ 4.4. ಇವರಿಗೆ ಬರೆದುಕೊಟ್ಟ ಮಿತಿ 2.5ರಿಂದ 3.5. ಡೋಸ್ ಸರಿ ಮಾಡಿದರು, ಹೆಂಗಸರ ಡಾಕ್ಟರ್ ಹತ್ತಿರ ಕಳಿಸಿದರು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವ ಹೆಂಗಸರಿಗೆ ಮುಟ್ಟು ಜಾಸ್ತಿಯಾಗೋದು ಗೊತ್ತಿರುವ ವಿಷಯ, ಅದಕ್ಕೆ ಚಿಕಿತ್ಸೆಯೂ ಇದೆ. ಆದರೆ ಡಿಸ್ಚಾರ್ಜ್ ದಿನ ಈ ಮಾತು ಯಾರೂ ಎತ್ತಿರಲಿಲ್ಲ. ಎತ್ತಿದ್ದರೂ ಫೈಲ್ ಹಿಡಿದು ಕೇಳಿಸಿಕೊಂಡಿದ್ದು ಗಂಡ.

ಐಎನ್‌ಆರ್ ಯಾಕೆ ಏರಿತು ಅಂತ ಕೆದಕಿದಾಗ ಅಡುಗೆಮನೆಗೆ ಹೋಗಿ ನಿಂತೆವು. ಸೊಪ್ಪು ತಿನ್ನಬಾರದು ಅಂತ ಯಾರೋ ಮಂಜಣ್ಣನಿಗೆ ಹೇಳಿದ್ದರು. ಅವತ್ತಿನಿಂದ ಮನೆಗೆ ಸೊಪ್ಪು ಬರೋದೇ ನಿಂತಿತ್ತು. ಬಸ್ಸಾರು ಇಲ್ಲ, ಮಸ್ಸೊಪ್ಪು ಇಲ್ಲ. ಹಾಸನದ ಕಡೆಯ ಹೆಂಗಸಿಗೆ ಬಸ್ಸಾರು ಬಿಡಿಸಿದರೆ ಉಳಿದಿದ್ದೇನು? ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಎದುರಾಗಿ ಎಳೆಯುತ್ತೆ, ಅದು ನಿಜ. ಹಾಗಂತ ಏಕಾಏಕಿ ನಿಲ್ಲಿಸಿದರೆ ಮಾತ್ರೆಯ ಕೈ ಮೇಲಾಗಿ ಐಎನ್‌ಆರ್ ಏರುತ್ತೆ. ಏರಿದ್ದಕ್ಕೆ ಅದೊಂದೇ ಕಾರಣ ಅಂತ ಡಾಕ್ಟರ್ ಹೇಳಲಿಲ್ಲ. ಆದರೆ ಸೊಪ್ಪು ವಾಪಸ್ ತನ್ನಿ, ವಾರ ವಾರವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಇರಲಿ, ಅದಕ್ಕೆ ತಕ್ಕಂತೆ ಡೋಸ್ ಕೂರಿಸೋಣ ಅಂದರು. ಅತ್ತೆ ಕೊಡುತ್ತಿದ್ದ ಕಷಾಯದ ಪುಡಿಗಳನ್ನು ಮಾತ್ರ ಪೂರ್ತಿ ನಿಲ್ಲಿಸಿದರು. ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗೋದನ್ನೂ.

ರಾತ್ರಿಯ ಶಬ್ದದ ವಿಷಯವನ್ನೂ ಡಾಕ್ಟರಿಗೆ ಕೇಳಿದೆ. ಕೇಳಿದ್ದು ಒಳ್ಳೇದಾಯಿತು. ಮಂಜಣ್ಣನ ಕಿವಿ ಪೂರ್ತಿ ತಪ್ಪಿರಲಿಲ್ಲ. ಸ್ಪಷ್ಟವಾಗಿದ್ದ ಟಿಕ್ ಮಂಕಾಗಿ ಹೋದರೆ, ಜೊತೆಗೆ ಉಸಿರು ಕಟ್ಟಿದರೆ, ತಡ ಮಾಡಬಾರದು. ವಾಲ್ವ್ ಸರಿಯಾಗಿ ಆಡುತ್ತಿಲ್ಲದೇ ಇರಬಹುದು. ಆದರೆ ಮಗ್ಗುಲಾದಾಗ, ಹೊದಿಕೆ ಎಳೆದಾಗ ಏರಿಳಿಯುವುದು ಲೆಕ್ಕಕ್ಕಿಲ್ಲ. ಇದನ್ನು ಹೇಳಿದಾಗ ಮಂಜಣ್ಣನ ಮುಖ ಮೊದಲ ಸಲ ಸ್ವಲ್ಪ ಸಡಿಲವಾಯಿತು. ತನ್ನನ್ನು ಹುಚ್ಚ ಅನ್ನಲಿಲ್ಲವಲ್ಲ ಅನ್ನುವ ಸಮಾಧಾನ ಇರಬೇಕು.

ಯಂತ್ರದ ಮನುಷ್ಯನಿಗೆ ಯಂತ್ರದ ಕಥೆಯನ್ನೇ ಹೇಳಿದೆ. ಈ ಥರದ ವಾಲ್ವ್ 1960ರಿಂದ ಇದೆ. ಅಮೆರಿಕದಲ್ಲಿ ಆಲ್ಬರ್ಟ್ ಸ್ಟಾರ್ ಅನ್ನುವ ಸರ್ಜನ್ ಜೊತೆ ಲೋವೆಲ್ ಎಡ್ವರ್ಡ್ಸ್ ಅನ್ನುವ ಎಂಜಿನಿಯರ್ ಸೇರಿ ಮಾಡಿದ್ದು, ಪಂಜರದೊಳಗೆ ಒಂದು ಚೆಂಡು. ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಕೆಲವು ಮಾದರಿ ಸೋತ ಮೇಲೂ ಬಿಡದೆ ಮಾಡಿದ ವಾಲ್ವನ್ನು 1990ರಲ್ಲಿ ಮೊದಲ ರೋಗಿಗೆ ಹಾಕಿದರು. "ಮುಚ್ಚಳ ಹೆಂಗೆ ಕೂರುತ್ತೆ ಮೇಡಂ, ಹಿಂಜ್ ಇದೆಯಾ?" ಅಂದರು. ನನಗೆ ತಿಳಿದಷ್ಟು ಹೇಳಿದೆ, ಉಳಿದದ್ದನ್ನು ಡಾಕ್ಟರಿಗೆ ಕೇಳಿ ಅಂದೆ. ಹೋಗಿ ಕೇಳಿದರು. ಡಾಕ್ಟರ್ ಹತ್ತಿರ ಒಂದು ಸ್ಯಾಂಪಲ್ ಇತ್ತಂತೆ, ಕೈಗೆ ಕೊಟ್ಟರಂತೆ. ನನ್ನ ಮೂರು ಸಿಟ್ಟಿಂಗ್‌ಗಿಂತ ಆ ಐದು ನಿಮಿಷ ಜಾಸ್ತಿ ಕೆಲಸ ಮಾಡಿತು.

ಆಮೇಲೆ ಇಬ್ಬರನ್ನೂ ಕೂರಿಸಿ ಕೆಲವು ಕರಾರು ಮಾಡಿಕೊಂಡೆವು.

ಶಬ್ದ ಕೇಳೋದು ರಾತ್ರಿ ಒಂದೇ ಸಲ, ಮಲಗುವ ಮುಂಚೆ, ಆಕೆಯನ್ನು ಕೇಳಿ. ನಿದ್ದೆಯಿಂದ ಎಬ್ಬಿಸುವಂತಿಲ್ಲ. ಫೈಲು ಇನ್ನು ಮೇಲೆ ಸಾವಿತ್ರಿಯವರದು. ಕ್ಯಾಲೆಂಡರಿನಲ್ಲಿ ಮಾತ್ರೆ ತಗೊಂಡ ಗುರುತು, ಐಎನ್‌ಆರ್ ನಂಬರ್ ಎಲ್ಲ ಅವರ ಕೈಬರಹದಲ್ಲೇ. ಮಂಜಣ್ಣ ಲ್ಯಾಬಿಗೆ ಕರೆದುಕೊಂಡು ಹೋಗಬಹುದು, ಡಾಕ್ಟರ್ ಮುಂದೆ ಮಾತಾಡೋದು ಆಕೆ. ಸಾವಿತ್ರಿಯವರಿಗೂ ಒಂದು ಕರಾರು: ರಕ್ತ ಹೋದರೆ, ತಲೆಗೆ ಏಟು ಬಿದ್ದರೆ, ಮಲ ಕಪ್ಪಗಾದರೆ, ಜ್ವರ ಬಿಡದಿದ್ದರೆ ಅವತ್ತೇ ಹೇಳಬೇಕು. ಹೇಳಿದಾಗ ಮಂಜಣ್ಣ ಕೂಗಾಡದೆ, ಡಾಕ್ಟರ್ ಕೊಟ್ಟ ನಂಬರಿಗೆ ಮೊದಲು ಫೋನ್ ಮಾಡಬೇಕು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈಕಾಲು ಸೋತರೆ ಮಾತ್ರ ಯಾರನ್ನೂ ಕೇಳದೆ 108. ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ವಾಲ್ವ್ ವಿಷಯ ಮೊದಲು ಹೇಳಬೇಕು, ಸೋಂಕು ತಡೆಯುವ ಮಾತ್ರೆ ಮುಂಚೆಯೇ ಬೇಕಾಗಬಹುದು.

ಜಗಳ ಬಂದಿದ್ದು ಮುದ್ದೆ ಕೋಲಿನ ಹತ್ತಿರ. ಮೊದಲ ಕೆಲವು ವಾರ ಮುದ್ದೆ ತಿರುವೋದು, ತುಂಬಿದ ಬಿಂದಿಗೆ ಎತ್ತೋದು, ಎರಡೂ ಕೈ ಊರಿ ಏಳೋದು ಬೇಡವೇ ಬೇಡ. ಸೀಳಿ ತಂತಿ ಹಾಕಿದ ಮೂಳೆ ಕೂಡಲು ಆರೆಂಟು ವಾರ ಹಿಡಿಯುತ್ತೆ, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳಾದರೂ ಬೇಕು. ಕೆಮ್ಮು ಬಂದರೂ ಎದೆಗೆ ದಿಂಬು ಅವುಚಿಕೊಳ್ಳಬೇಕು. ಆ ದಿನಗಳಲ್ಲಿ ಮಂಜಣ್ಣ ತಾನೇ ಮುದ್ದೆ ಕಲಿತಿದ್ದರು. "ಗಂಟು ಗಂಟು, ನುಂಗಿದ್ರೆ ವಾಲ್ವೇ ಹೊರಗ್ ಬರ್ಬೇಕು" ಅಂತ ಸಾವಿತ್ರಿ. ಆದರೆ ಡಾಕ್ಟರ್ ಸರಿ ಅಂದ ಮೇಲೂ ಕೋಲು ಕೊಡಲು ಮಂಜಣ್ಣ ತಯಾರಿರಲಿಲ್ಲ. ವಾರಕ್ಕೆ ಒಂದೊಂದು ಕೆಲಸ ವಾಪಸ್ ಕೊಡುವುದು ಅಂತ ಮಾಡಿದೆವು. ಮೊದಲು ಒಗ್ಗರಣೆ, ಆಮೇಲೆ ಸಂತೆ, ಆಮೇಲೆ ಮುದ್ದೆ.

ಹಾಸಿಗೆಯ ಮಾತನ್ನು ನಾನೇ ಎತ್ತಬೇಕಾಯಿತು. ಮೂಳೆ ಕೂಡಿದ್ದು, ಏದುಸಿರಿಲ್ಲದೆ ಎರಡು ಮಹಡಿ ಮೆಟ್ಟಿಲು ಹತ್ತಿ ಬರುವಷ್ಟು ಶಕ್ತಿ ಇದ್ದರೆ ಸಾಮಾನ್ಯವಾಗಿ ಡಾಕ್ಟರುಗಳು ಬೇಡ ಅನ್ನೋದಿಲ್ಲ. ಎದೆಯ ಮೇಲೆ ಭಾರ ಬೀಳದಿದ್ದರೆ ಆಯ್ತು. ಮಂಜಣ್ಣ ಕಿಟಕಿ ನೋಡಿದರು. ಮೊದಲು ಪಕ್ಕದಲ್ಲಿ ಮಲಗಿ, ಕೈ ಹಿಡಿದುಕೊಳ್ಳಿ, ನಾಡಿ ನೋಡಬೇಡಿ ಅಂದೆ. ಸಾವಿತ್ರಿ ನಕ್ಕರು. (ಇವರಿಗೆ ಮಕ್ಕಳಾಗದಂತೆ ಆಪರೇಷನ್ ಆಗಿತ್ತು. ಚಿಕ್ಕ ವಯಸ್ಸಿನ ದಂಪತಿಯಾದರೆ ಬಸಿರಿನ ಬಗ್ಗೆ ಮೊದಲೇ ಡಾಕ್ಟರ್ ಹತ್ತಿರ ಮಾತಾಡಬೇಕು. ರಕ್ತ ತೆಳು ಮಾಡುವ ವಾರ್ಫರಿನ್ ಥರದ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು. ಆದರೆ ಹೆದರಿ ಮಾತ್ರೆ ಬಿಟ್ಟರೆ ತಾಯಿಗೆ ಅಪಾಯ.)

ಸಾವಿತ್ರಿಯವರ ಅಳು ಹಿಮೋಗ್ಲೋಬಿನ್ ಏರಿದ ಮೇಲೆ ತಾನಾಗೇ ಕಮ್ಮಿಯಾಯಿತು. ಹೃದಯದ ಆಪರೇಷನ್ ಆದವರಿಗೆ ಕೆಲವು ವಾರ ಕಾರಣವಿಲ್ಲದೆ ಅಳು, ಸಿಟ್ಟು ಬರೋದು ಉಂಟು. ಕಮ್ಮಿಯಾಗದಿದ್ದರೆ ಮನೋವೈದ್ಯರ ಹತ್ತಿರ ಕಳಿಸುವವಳಿದ್ದೆ, ರಕ್ತ ತೆಳು ಮಾಡುವ ಮಾತ್ರೆಯ ಚೀಟಿ ಜೊತೆಗಿಟ್ಟು. ಖಿನ್ನತೆಯ ಕೆಲವು ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ.

ಏಳನೇ ಭೇಟಿಗೆ ಸಾವಿತ್ರಿ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು, ವ್ಯಾನಿಟಿ ಬ್ಯಾಗ್ ಅವರ ಹೆಗಲಲ್ಲೇ. ಐಎನ್‌ಆರ್ 2.9, ಹಿಮೋಗ್ಲೋಬಿನ್ 10.6. ಎಬ್ಬಿಸೋದು ನಿಂತಿದೆ, ಪೂರ್ತಿ ಅಲ್ಲ. ಕಳೆದ ತಿಂಗಳು ಎರಡು ರಾತ್ರಿ ಕರಾರು ಮುರಿದರಂತೆ. ಸ್ತ್ರೀಶಕ್ತಿ ಸಂಘದವರ ಜೊತೆ ಧರ್ಮಸ್ಥಳಕ್ಕೆ ಹೋಗುವ ವಿಷಯಕ್ಕೆ ಇನ್ನೂ ಮನೆಯಲ್ಲಿ ಮುಖ ಊದಿಕೊಂಡಿದೆ.

ಸಂಜೆ ಮಂಜಣ್ಣ ಫೋನ್ ಮಾಡಿದರು. ಆಕೆ ತಲುಪಿದ್ದಾಳೆ ಅಂತ ಹೇಳಲಿಕ್ಕೆ. ಆ ಬಿಪಿ ಮೆಷಿನ್ ನಿಮ್ಮ ತೋಳಿಗೆ ಯಾವತ್ತಾದರೂ ಕಟ್ಟಿದ್ದೀರಾ ಅಂತ ಕೇಳಿದೆ. ಇಲ್ಲ ಅಂದರು. ಕಟ್ಟಿ ನೋಡಿ, ಫೋನ್ ಇಡಬೇಡಿ ಅಂದೆ. 164 ಬೈ 102. ನಾಳೆ ಬೆಳಗ್ಗೆಯೇ ಡಾಕ್ಟರಿಗೆ ತೋರಿಸಿ ಅಂದೆ. "ಗ್ಯಾರೇಜ್‌ನಲ್ಲಿ ಒಂದು ಎಂಜಿನ್ ಬಿಚ್ಚಿಟ್ಟಿದೀನಿ ಮೇಡಂ, ನೋಡೋಣ" ಅಂದರು. ಹಿಂದಿನಿಂದ ಸಾವಿತ್ರಿಯವರ ಧ್ವನಿ ಕೇಳಿಸಿತು. "ನೋಡೋಣ ಏನ್ರೀ ನೋಡೋಣ, ನಾನೇ ಕರ್ಕೊಂಡ್ ಹೋಗ್ತೀನಿ ಅಂತ ಹೇಳಿ."